ಐಎಂಎಫ್‌ನಲ್ಲಿ ಮತದ ಪಾಲು ಬದಲಾಗಬೇಕೇ?

ಅಂತಾರಾಷ್ಟ್ರೀಯ ಹಣಕಾಸು ನಿಧಿಯಲ್ಲಿ, ಅಂದರೆ ಐಎಂಎಫ್‌ನಲ್ಲಿ, ಎಲ್ಲ ದೇಶಗಳ ಮತಕ್ಕೂ ಒಂದೇ ತೂಕವಿಲ್ಲ. ಪ್ರತಿ ದೇಶಕ್ಕೂ ಒಂದು ಕೋಟಾ ಗೊತ್ತುಮಾಡಿದ್ದಾರೆ. ಅಷ್ಟು ಹಣವನ್ನು ಆ ದೇಶ ನಿಧಿಗೆ ಕಟ್ಟಬೇಕು. ಮತ ಎಷ್ಟು, ಕಷ್ಟಕಾಲದಲ್ಲಿ ಸಿಗುವ ಸಾಲ ಎಷ್ಟು ಎಂಬುದು ಬಹುಮಟ್ಟಿಗೆ ಅದರ ಮೇಲೇ ನಿಂತಿದೆ. ಚೀನಾ, ಭಾರತ, ಬ್ರೆಜಿಲ್‌ನಂಥ ದೇಶಗಳು ಇಷ್ಟು ಬೆಳೆದ ಮೇಲೆ ಆ ಪಾಲನ್ನು ಆರ್ಥಿಕತೆಯ ಗಾತ್ರಕ್ಕೆ ತಕ್ಕಂತೆ ಮತ್ತೆ ಹಂಚಬೇಕೇ?

ಪರ: ದುಡ್ಡು ತಗೊಂಡ ಮೇಲೆ ಮಾತಿಗೂ ಬೆಲೆ ಕೊಡಿ

ಇಟಲಿಗೆ ಶೇ 3.02ರಷ್ಟು ಮತ. ಭಾರತಕ್ಕೆ ಶೇ 2.63. ಬ್ರಿಟನ್ ಮತ್ತು ಫ್ರಾನ್ಸಿಗೆ ತಲಾ ಶೇ 4.03. ಡಾಲರ್ ಲೆಕ್ಕ ಹಿಡಿದರೂ 2024ರ ಹೊತ್ತಿಗೆ ಭಾರತದ ಆರ್ಥಿಕತೆ ಈ ಮೂರನ್ನೂ ದಾಟಿತ್ತು. ಚೀನಾದ್ದು ಇನ್ನೂ ವಿಚಿತ್ರ. ಜಗತ್ತಿನ ಒಟ್ಟು ಉತ್ಪನ್ನದಲ್ಲಿ ಅದರ ಪಾಲು ಸುಮಾರು ಶೇ 17. ಮತ ಮಾತ್ರ ಶೇ 6.08. ಜಪಾನಿಗಿರುವುದು ಅದಕ್ಕಿಂತ ಚೂರು ಜಾಸ್ತಿ. ಜಪಾನಿನ ಆರ್ಥಿಕತೆ ಇಂದು ಚೀನಾದ್ದರ ಕಾಲು ಭಾಗವೂ ಇಲ್ಲ.

1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳು ಸೇರಿ ಈ ನಿಧಿಗೆ ರೂಪ ಕೊಟ್ಟವು. ಆಗ ಭಾರತ ಬ್ರಿಟಿಷರ ಕೈಯಲ್ಲಿತ್ತು. ಆಫ್ರಿಕಾದ ಬಹುತೇಕ ಭಾಗಕ್ಕೆ ಸ್ವಾತಂತ್ರ್ಯವೇ ಸಿಕ್ಕಿರಲಿಲ್ಲ. ಯುದ್ಧ ಗೆಲ್ಲುತ್ತಿದ್ದವರು, ದುಡ್ಡಿದ್ದವರು ತಮಗೆ ಹೊಂದುವಂತೆ ಕುರ್ಚಿ ಹಾಕಿಕೊಂಡರು. ಇಂದಿಗೂ ಮುಖ್ಯ ತೀರ್ಮಾನಗಳಿಗೆ ಶೇ 85ರಷ್ಟು ಮತ ಬೇಕು. ಅಮೆರಿಕದ ಬಳಿ ಶೇ 16.5ರ ಆಸುಪಾಸು ಇದೆ. ಅದೊಂದು ದೇಶ ಬೇಡ ಅಂದರೆ ಉಳಿದವರೆಲ್ಲ ಒಟ್ಟಾದರೂ ಏನೂ ನಡೆಯುವುದಿಲ್ಲ.

ಆ ಶಕ್ತಿ ಕಾಗದದ ಮೇಲೆ ಮಾತ್ರ ಇಲ್ಲ. 2010ರ ಡಿಸೆಂಬರಿನಲ್ಲಿ ಸುಮಾರು ಶೇ 6ರಷ್ಟು ಕೋಟಾವನ್ನು ಬೆಳೆಯುತ್ತಿರುವ ದೇಶಗಳಿಗೆ ವರ್ಗಾಯಿಸಲು ನಿಧಿಯ ಗವರ್ನರುಗಳು ಒಪ್ಪಿದರು. ಅದು ಜಾರಿಯಾದದ್ದು 2016ರ ಜನವರಿಯಲ್ಲಿ. ಐದು ವರ್ಷ ತಡ, ಯಾಕೆಂದರೆ ಅಮೆರಿಕದ ಸಂಸತ್ತು 2015ರ ಡಿಸೆಂಬರಿನವರೆಗೂ ಒಪ್ಪಿಗೆ ಕೊಡಲಿಲ್ಲ. ಹೀಗೆ ಕಾಯಿಸುತ್ತಿದ್ದಾಗಲೇ, 2012ರಲ್ಲಿ, ಯುರೋಪಿನ ಸಾಲದ ಬಿಕ್ಕಟ್ಟಿಗೆ ಹಣ ಬೇಕಾಯಿತು. ಮೆಕ್ಸಿಕೊದ ಲಾಸ್ ಕಾಬೊಸ್‌ನ ಜಿ-20 ಸಭೆಯಲ್ಲಿ ಚೀನಾ 4,300 ಕೋಟಿ ಡಾಲರ್, ಭಾರತ 1,000 ಕೋಟಿ ಡಾಲರ್ ಕೊಡುವುದಾಗಿ ಹೇಳಿದವು. 1991ರಲ್ಲಿ ಸುಮಾರು 47 ಟನ್ ಚಿನ್ನ ಅಡವಿಟ್ಟು ಉಸಿರು ಹಿಡಿದುಕೊಂಡಿದ್ದ ನಮ್ಮ ದೇಶ ಯುರೋಪಿಗೆ ಆಸರೆಯಾಗಿ ನಿಂತಿತು. ದುಡ್ಡು ಕೇಳುವಾಗ ನಾವು ದೊಡ್ಡವರು, ಮತ ಕೇಳಿದಾಗ ಚಿಕ್ಕವರು. ಇದನ್ನು ಅನ್ಯಾಯ ಅನ್ನದೆ ಇನ್ನೇನನ್ನಬೇಕು?

ಸುಮ್ನೆ ಗೌರವದ ಪ್ರಶ್ನೆಯಾಗಿದ್ದರೆ ಇಷ್ಟು ಹಟ ಹಿಡಿಯಬೇಕಿರಲಿಲ್ಲ. ಮತ ಯಾರ ಕೈಯಲ್ಲಿದೆ ಎಂಬುದರ ಮೇಲೆ ಜನರ ಬದುಕೇ ಬೇರೆಯಾಗುತ್ತದೆ. ಇಂಡೊನೇಷ್ಯಾವನ್ನು ನೋಡಿ. 1997ರ ನವೆಂಬರಿನಲ್ಲಿ ಐಎಂಎಫ್ ಕಾರ್ಯಕ್ರಮದ ಭಾಗವಾಗಿ ಅಲ್ಲಿ 16 ಬ್ಯಾಂಕ್‌ಗಳನ್ನು ಒಮ್ಮೆಗೇ ಮುಚ್ಚಿದರು. ಜನ ಹೆದರಿ ಉಳಿದ ಬ್ಯಾಂಕ್‌ಗಳಿಂದಲೂ ಹಣ ತೆಗೆಯತೊಡಗಿದರು. 1998ರ ಜನವರಿಯಲ್ಲಿ ಅಧ್ಯಕ್ಷ ಸುಹಾರ್ತೊ ಸಾಲದ ಷರತ್ತುಗಳಿಗೆ ಬಗ್ಗಿ ಸಹಿ ಹಾಕುತ್ತಿದ್ದಾಗ ಐಎಂಎಫ್ ಮುಖ್ಯಸ್ಥ ಮಿಷೆಲ್ ಕಾಮ್ಡೆಸು ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದರು. ಸುಹಾರ್ತೊ ಸರ್ವಾಧಿಕಾರಿಯೇ, ಅವರ ಪರ ನನಗೆ ಮರುಕವಿಲ್ಲ. ಆದರೆ ಆ ಫೋಟೊವನ್ನು ಏಷ್ಯಾದ ಜನ ಇನ್ನೂ ಮರೆತಿಲ್ಲ. ಮೇ ತಿಂಗಳಲ್ಲಿ ಇಂಧನದ ಬೆಲೆ ಏರಿತು, ಬೀದಿಗಳು ಹೊತ್ತಿ ಉರಿದವು.

ಈಗ 2010ರ ಗ್ರೀಸಿಗೆ ಬನ್ನಿ. ಅದಕ್ಕೆ ಐಎಂಎಫ್ 3,000 ಕೋಟಿ ಯೂರೊ ಮಂಜೂರು ಮಾಡಿತು, ಗ್ರೀಸಿನ ಕೋಟಾದ 32 ಪಟ್ಟು. ಆ ಸಾಲ ತೀರುವುದು ಅನುಮಾನ ಎಂದು ನಿಧಿಯ ಒಳಗೇ ಮಾತಿತ್ತು. ನಿಯಮದ ಪ್ರಕಾರ ಹಾಗೆ ಕೊಡುವಂತಿರಲಿಲ್ಲ. ನಿಯಮಕ್ಕೇ ಒಂದು ವಿನಾಯಿತಿ ಸೇರಿಸಿ ಕೊಟ್ಟರು. ಗ್ರೀಕರಿಗೂ ಅದರಿಂದ ಒಳ್ಳೆಯದಾಗಲಿಲ್ಲ, ಮೊದಲು ಉಳಿದುಕೊಂಡದ್ದು ಅವರಿಗೆ ಸಾಲ ಕೊಟ್ಟಿದ್ದ ಯುರೋಪಿನ ಬ್ಯಾಂಕ್‌ಗಳು. ಯುರೋಪಿನ ಬಳಿ ಅಷ್ಟು ಮತ ಇರದಿದ್ದರೆ ಆ ವಿನಾಯಿತಿ ಅಷ್ಟು ಸಲೀಸಾಗಿ ಬರುತ್ತಿತ್ತಾ?

ಮುಖ್ಯಸ್ಥರ ಹುದ್ದೆಯೂ ಹಾಗೇ. 1946ರಲ್ಲಿ ಬೆಲ್ಜಿಯಂನ ಕಾಮೀಲ್ ಗುಟ್ ಅವರಿಂದ ಇಂದಿನ ಬಲ್ಗೇರಿಯಾದ ಕ್ರಿಸ್ಟಲೀನಾ ಜಾರ್ಜೀವಾವರೆಗೆ ಎಲ್ಲರೂ ಯುರೋಪಿನವರು. ಮೈಸೂರಿನಲ್ಲಿ ಓದಿ ಬೆಳೆದ ಗೀತಾ ಗೋಪಿನಾಥ್ ಅಲ್ಲಿ ಎರಡನೇ ಸ್ಥಾನಕ್ಕೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಆ ಹುದ್ದೆ ವಾಡಿಕೆಯಂತೆ ಅಮೆರಿಕದವರಿಗೆ ಮೀಸಲು. ಅವರೂ ಅಮೆರಿಕದ ಪ್ರಜೆಯಾಗಿಯೇ ಅಲ್ಲಿ ಕುಳಿತದ್ದು.

2023ರ ಡಿಸೆಂಬರಿನಲ್ಲಿ ಕೋಟಾಗಳ 16ನೇ ಪರಿಶೀಲನೆ ಮುಗಿಯಿತು. ಎಲ್ಲರ ಕೋಟಾವನ್ನೂ ಒಂದೇ ಸಮನೆ ಶೇ 50 ಹೆಚ್ಚಿಸುವುದೆಂದು ಒಪ್ಪಿದರು. ಅಂದರೆ ಎಲ್ಲರೂ ಹೆಚ್ಚು ಹಣ ಕಟ್ಟಬೇಕು, ಪಾಲು ಮಾತ್ರ ಇದ್ದಲ್ಲೇ ಇರುತ್ತದೆ. ಇನ್ನೆಷ್ಟು ಪರಿಶೀಲನೆ ಕಾಯುವುದು?

ವಿರೋಧ: ದೊಡ್ಡವರ ಪಟ್ಟಿಗೆ ಇನ್ನಿಬ್ಬರು ಸೇರಿದರೆ ಬಡವರಿಗೇನು?

ಮೇಲಿನ ಸಿಟ್ಟು ನನಗೂ ಅರ್ಥವಾಗುತ್ತದೆ. ಗ್ರೀಸಿಗೊಂದು ನ್ಯಾಯ, ಇಂಡೊನೇಷ್ಯಾಕ್ಕೊಂದು ನ್ಯಾಯ ಆದದ್ದು ನಿಜ. ಆದರೆ ಅದಕ್ಕೆ ಮದ್ದು ಗಾತ್ರಕ್ಕೆ ತಕ್ಕ ಮತ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಮೊದಲು ಲೆಕ್ಕ ನೋಡೋಣ. ಬರೀ ಜಿಡಿಪಿ ಹಿಡಿದು ಪಾಲು ಹಂಚಿದರೆ ಅಮೆರಿಕದ ಮತ ಇಳಿಯುವುದಿಲ್ಲ, ಏರುತ್ತದೆ. ಡಾಲರ್ ಲೆಕ್ಕದಲ್ಲಿ ಜಗತ್ತಿನ ಉತ್ಪನ್ನದ ಸುಮಾರು ಕಾಲು ಭಾಗ ಅದರದ್ದೇ. ಒಬ್ಬರೇ ಬೇಡ ಅಂದು ತಡೆಯುವ ಶಕ್ತಿ, ಅಂದರೆ ವೀಟೊ, ಇನ್ನೂ ಗಟ್ಟಿಯಾಗುತ್ತದೆ. ದೊಡ್ಡ ಲಾಭ ಚೀನಾಕ್ಕೆ. ಭಾರತಕ್ಕೆ ಒಂದಿಷ್ಟು. ಕಳೆದುಕೊಳ್ಳುವವರಲ್ಲಿ ಯುರೋಪಿನವರ ಜೊತೆ ಪುಟ್ಟ ಬಡ ದೇಶಗಳೂ ಇರುತ್ತವೆ.

ಐಎಂಎಫ್ ಷರತ್ತಿನ ಕೆಳಗೆ ಬದುಕುವವರು ಅವರೇ ಅಲ್ವಾ? ಭಾರತ 1990ರ ದಶಕದ ನಂತರ ಅಲ್ಲಿ ಸಾಲಕ್ಕೆ ಹೋಗಿಲ್ಲ. 2009ರಲ್ಲಿ ಅದೇ ನಿಧಿಯಿಂದ 200 ಟನ್ ಚಿನ್ನ ಕೊಂಡಿತು. ಸಾಲಗಾರರ ಸಾಲಿನಿಂದ ಎದ್ದು ಸಾಲ ಕೊಡುವವರ ಸಾಲಿಗೆ ಬಂದವರು ಮತ ಕೇಳುತ್ತಿದ್ದಾರೆ. ಸಾಲಿನಲ್ಲಿ ಉಳಿದವರನ್ನು ಯಾರು ಕೇಳುತ್ತಾರೆ? 2021ರಲ್ಲಿ ಕೋವಿಡ್‌ಗಾಗಿ ಐಎಂಎಫ್ 65,000 ಕೋಟಿ ಡಾಲರ್ ಮೌಲ್ಯದ ವಿಶೇಷ ಹಣ ಹಂಚಿತು. ಕೋಟಾ ಪ್ರಕಾರ ಹಂಚಬೇಕಾಗಿದ್ದರಿಂದ ತೀರ ಬಡ ದೇಶಗಳಿಗೆ ಒಟ್ಟು ಸಿಕ್ಕಿದ್ದು ಸುಮಾರು 2,100 ಕೋಟಿ. ಕೋಟಾ ಮತ್ತಷ್ಟು ಜಿಡಿಪಿಗೆ ಅಂಟಿಕೊಂಡರೆ ಮುಂದಿನ ಸಲ ಅದಕ್ಕೂ ಕತ್ತರಿ.

ಹೊಸ ದೊಡ್ಡವರು ಹಳೆಯ ದೊಡ್ಡವರಿಗಿಂತ ಮೃದು ಎಂಬ ನಂಬಿಕೆಯೂ ನನಗಿಲ್ಲ. ಜಾಂಬಿಯಾ 2020ರ ನವೆಂಬರಿನಲ್ಲಿ ಸಾಲದ ಕಂತು ಕಟ್ಟಲಾಗದೆ ಕೈಚೆಲ್ಲಿತು. ಅದಕ್ಕೆ ಸಾಲ ಕೊಟ್ಟ ಸರ್ಕಾರಗಳಲ್ಲಿ ಚೀನಾವೇ ದೊಡ್ಡದು. ಆ ಸರ್ಕಾರಗಳೊಂದಿಗೆ ಒಪ್ಪಂದ ಕುದುರಲು 2023ರ ಜೂನ್ ಬಂತು. ಅಷ್ಟು ದಿನ ಆ ದೇಶ ಆಸ್ಪತ್ರೆ, ಶಾಲೆಗಳನ್ನು ಹೇಗೆ ನಡೆಸಿರಬೇಕು, ಯೋಚಿಸಿ. ಶ್ರೀಲಂಕಾದ ವಿಷಯದಲ್ಲಿ ಭಾರತ 2023ರ ಜನವರಿಯಲ್ಲೇ ತಾನು ಕೊಟ್ಟ ಸಾಲದ ಹೊರೆ ಇಳಿಸುವ ಭರವಸೆ ಪತ್ರ ಕೊಟ್ಟಿತು, ಇದನ್ನು ಮೆಚ್ಚಲೇಬೇಕು. ಚೀನಾದಿಂದ ಬೇಕಾದಂಥ ಪತ್ರ ಬಂದದ್ದು ಮಾರ್ಚಿನಲ್ಲಿ. ಐಎಂಎಫ್ ಸಾಲ ಅಲ್ಲಿಯವರೆಗೂ ಕಾಯಬೇಕಾಯಿತು.

ಇನ್ನೊಂದು ಮಾತು. ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ, ಅಂದರೆ ಆಯಾ ದೇಶದ ಬೆಲೆಗಳನ್ನು ಗಮನಕ್ಕೆ ತಗೊಂಡರೆ, ಬ್ರಿಕ್ಸ್ ದೇಶಗಳು (ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾ ಮೊದಲಾದವು) ಶ್ರೀಮಂತ ದೇಶಗಳ ಗುಂಪಾದ ಜಿ-7 ಅನ್ನು ಹಿಂದೆ ಹಾಕಿವೆ ಎಂದು ಪದೇ ಪದೇ ಕೇಳುತ್ತೇವೆ. ಅದು ನಿಜವೇ. ಆದರೆ ಮುಳುಗುತ್ತಿರುವ ದೇಶ ಔಷಧಿ, ತೈಲ ತರಿಸಬೇಕಾದದ್ದು ಡಾಲರಿನಲ್ಲಿ. ಜಗತ್ತಿನ ವಿದೇಶಿ ವಿನಿಮಯ ಸಂಗ್ರಹದಲ್ಲಿ ಅರ್ಧಕ್ಕಿಂತ ಜಾಸ್ತಿ ಇಂದಿಗೂ ಡಾಲರ್. ಚೀನಾದ ಯುವಾನ್ ಶೇ 2ರ ಸುತ್ತಮುತ್ತ. ಇದು ಬ್ರಿಕ್ಸ್ ದೇಶಗಳಿಗೂ ಗೊತ್ತು. 2014ರಲ್ಲಿ ಅವು 10,000 ಕೋಟಿ ಡಾಲರಿನ ತುರ್ತು ನಿಧಿಯ ಒಪ್ಪಂದ ಮಾಡಿಕೊಂಡವು. ಅದರ ಒಂದು ನಿಯಮ ಓದಿ: ತನಗೆ ಗೊತ್ತಾದ ಮಿತಿಯಲ್ಲಿ ಶೇ 30ಕ್ಕಿಂತ ಹೆಚ್ಚು ಪಡೆಯಬೇಕಾದರೆ ಆ ದೇಶ ಐಎಂಎಫ್ ಕಾರ್ಯಕ್ರಮದಲ್ಲಿರಬೇಕು! 2020ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹಣ ಬೇಕಾದಾಗ ಅದು ಆ ನಿಧಿಯನ್ನು ಮುಟ್ಟಲಿಲ್ಲ. ಐಎಂಎಫ್‌ನಿಂದಲೇ 430 ಕೋಟಿ ಡಾಲರ್ ತಂದಿತು.

ಹಾಗಂತ ಇರುವುದೇ ಸರಿ ಅನ್ನುತ್ತಿಲ್ಲ. ಬ್ರಿಕ್ಸ್‌ನವರೇ ಶಾಂಘೈನಲ್ಲಿ ಕಟ್ಟಿದ ಹೊಸ ಅಭಿವೃದ್ಧಿ ಬ್ಯಾಂಕಿನಲ್ಲಿ ಐದು ಸ್ಥಾಪಕ ದೇಶಗಳಿಗೂ ಸಮಪಾಲು ಕೊಟ್ಟರು. ಚೀನಾಕ್ಕೂ ದಕ್ಷಿಣ ಆಫ್ರಿಕಾಕ್ಕೂ ಒಂದೇ ತೂಕ, ಯಾರಿಗೂ ವೀಟೊ ಇಲ್ಲ. ಮಂಗಳೂರಿನ ಕೆ.ವಿ. ಕಾಮತ್ ಅದರ ಮೊದಲ ಅಧ್ಯಕ್ಷರಾಗಿದ್ದರು. ತಮ್ಮ ಮನೆಯಲ್ಲಿ ಗಾತ್ರ ನೋಡದವರು ಐಎಂಎಫ್ ಇರುವ ವಾಷಿಂಗ್ಟನ್ನಿಗೆ ಹೋದಾಗ ಗಾತ್ರವನ್ನೇ ಮುಂದಿಡುವುದೇಕೆ?

ಕೇಳಬೇಕಾದದ್ದು ಬೇರೆ ಇದೆ. ಐಎಂಎಫ್‌ನಲ್ಲಿ ಗಾತ್ರ ನೋಡದೆ ಎಲ್ಲ ದೇಶಗಳಿಗೂ ಸಮನಾಗಿ ಸಿಗುವ ಮೂಲ ಮತಗಳಿವೆ. ಶುರುವಿನಲ್ಲಿ ಅವು ಒಟ್ಟು ಮತಗಳ ಶೇ 11ರಷ್ಟಿದ್ದವು. ಈಗ ಶೇ 5.5. ಅದನ್ನು ಮತ್ತೆ ಮೇಲಕ್ಕೆ ತರಲಿ. ಸಹಾರಾದ ದಕ್ಷಿಣದ ಆಫ್ರಿಕಾಕ್ಕೆ 2024ರ ನವೆಂಬರಿನಲ್ಲಿ ಆಡಳಿತ ಮಂಡಳಿಯಲ್ಲಿ ಮೂರನೇ ಕುರ್ಚಿ ಸಿಕ್ಕಿತು, 40ಕ್ಕೂ ಹೆಚ್ಚು ದೇಶಗಳಿಗೆ ಮೂರು ಕುರ್ಚಿ ಏನೇನೂ ಸಾಲದು. ನಿಧಿಯ ಮೂಲ ಒಪ್ಪಂದವನ್ನು ತಿದ್ದಲು ಶೇ 85ರಷ್ಟು ಮತದ ಜೊತೆಗೆ ಐದರಲ್ಲಿ ಮೂರು ಭಾಗ ಸದಸ್ಯ ದೇಶಗಳ ಒಪ್ಪಿಗೆಯೂ ಬೇಕು ಎಂಬ ನಿಯಮ ಈಗಾಗಲೇ ಇದೆ. ಹಾಗೆ ದೇಶಗಳ ತಲೆ ಎಣಿಸುವ ಪದ್ಧತಿಯನ್ನು ಸಾಲದ ಷರತ್ತುಗಳನ್ನು ಗೊತ್ತುಮಾಡುವಾಗಲೂ ತರಬೇಕು. ಭಾರತ ತನ್ನ ಶೇ 2.63 ಮತವನ್ನು ಹಿಡಿದು ಮೊದಲು ಅದಕ್ಕಾಗಿ ಜಗಳ ಮಾಡಲಿ.