ಮೈಸೂರು ಪಾಕಿಗೆ ಮೇಕಪ್ಪು

ಮನೆಯಲ್ಲಿ ಒಬ್ಬನಿಗೆ ಫೋಟೋಶಾಪ್ ಬರುತ್ತೆ ಅಂತ ಗೊತ್ತಾದರೆ ಸಾಕು, ಅವನ ಕಥೆ ಮುಗಿಯಿತು. ಮದುವೆ ಮನೆಯಲ್ಲಿ ಡಾಕ್ಟರು ಕಂಡರೆ ಮೊಣಕಾಲು ತೋರಿಸೋ ಹಾಗೆ ನೆಂಟರೆಲ್ಲ ಮೊಬೈಲ್ ಹಿಡಿದುಕೊಂಡು ಬರುತ್ತಾರೆ. "ಇದನ್ನೊಂಚೂರು ಸರಿ ಮಾಡಿಕೊಡೋ." ಸರಿ ಅಂದರೆ ಏನು ಅಂತ ಮಾತ್ರ ಯಾರೂ ಬಾಯಿಬಿಟ್ಟು ಹೇಳಲ್ಲ. ಅತ್ತೆಗೆ ಸರಿ ಅಂದರೆ ಬೆಳ್ಳಗೆ. ಮಾವನಿಗೆ ಸರಿ ಅಂದರೆ ಹೊಟ್ಟೆ ಕಾಣಬಾರದು. ವರಾನ್ವೇಷಣೆ ನಡೆಯುತ್ತಿರುವ ತಂಗಿಯೊಬ್ಬಳು ಮಾತ್ರ ಸ್ಪಷ್ಟವಾಗಿ ಹೇಳಿದಳು: "ಎಡಿಟ್ ಮಾಡಿದ್ದು ಅಂತ ಗೊತ್ತಾಗಬಾರದು, ಆದ್ರೆ ಹಾಗೇ ಬಿಟ್ಟಿದ್ದು ಅಂತಾನೂ ಅನ್ನಿಸಬಾರದು."

ಇಷ್ಟು ಜನರ ಮೊಡವೆಗಳನ್ನು ಒಂದೊಂದಾಗಿ ತೆಗೆಯುತ್ತಾ ಕೂತರೆ ನಾನು ಬದುಕೋದು ಯಾವಾಗ? ಅದಕ್ಕೇ ಇರೋದು ಪ್ಲಗ್‌ಇನ್. 1990ರಲ್ಲಿ ಬಂದ ಮೊದಲ ಫೋಟೋಶಾಪ್‌ನಲ್ಲೇ ಹೊರಗಿನವರು ಬರೆದ ಪುಟ್ಟ ಪ್ರೋಗ್ರಾಂಗಳನ್ನು ಒಳಗೆ ಸೇರಿಸಿಕೊಳ್ಳುವ ವ್ಯವಸ್ಥೆ ಇತ್ತು. ಒಂದು ಫೈಲನ್ನು ಅದರ ಫೋಲ್ಡರಿಗೆ ಹಾಕಿ, ಫೋಟೋಶಾಪ್ ಮುಚ್ಚಿ ತೆರೆದರೆ ಫಿಲ್ಟರ್ ಮೆನುವಿನಲ್ಲಿ ಹೊಸದೊಂದು ಹೆಸರು ಬಂದು ಕೂತಿರುತ್ತೆ. ಅದನ್ನು ಒತ್ತಿದರೆ ಒಂದಷ್ಟು ಸ್ಲೈಡರುಗಳು. ನಮ್ಮ ಜನಕ್ಕೆ ಸ್ಲೈಡರ್ ಕಂಡರೆ ಕೈ ಸುಮ್ನೆ ಇರಲ್ಲ, ಬಲಗಡೆಯ ಕೊನೆ ಮುಟ್ಟಿಸಿದರೇ ಸಮಾಧಾನ.

ನಿಕ್ ಕಲೆಕ್ಷನ್ ಅಂತ ಪ್ಲಗ್‌ಇನ್‌ಗಳ ಒಂದು ಕಂತೆ ಇದೆ. ಬಣ್ಣಕ್ಕೊಂದು, ಕಪ್ಪುಬಿಳುಪಿಗೊಂದು, ಫೋಟೋದ ಮೇಲೆ ಮರಳು ಚೆಲ್ಲಿದ ಹಾಗೆ ಕಾಣೋ ಚುಕ್ಕೆ ತೆಗೆಯೋಕೆ ಇನ್ನೊಂದು, ಹೀಗೆ. 2012ರಲ್ಲಿ ಗೂಗಲ್ ಅದನ್ನು ಮಾಡಿದ ಕಂಪನಿಯನ್ನೇ ಕೊಂಡುಕೊಂಡಿತು. 2016ರ ಮಾರ್ಚ್‌ನಲ್ಲಿ ಆ ಕಂತೆಯನ್ನು ಪುಕ್ಕಟೆ ಕೊಟ್ಟುಬಿಟ್ಟಿತು. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನೋ ಪೈಕಿ ನಾವು. ಕ್ಯಾಮೆರಾ ಇಲ್ಲದವರೂ ಇಳಿಸಿಕೊಂಡರು. 2017ರಲ್ಲಿ ಡಿಎಕ್ಸ್‌ಒ ಅನ್ನೋ ಫ್ರೆಂಚ್ ಕಂಪನಿ ಅದನ್ನು ಕೊಂಡಿತು, ಆಮೇಲೆ ಮತ್ತೆ ದುಡ್ಡು. ಅಷ್ಟರಲ್ಲಿ ನಮಗೆಲ್ಲ ಚಟ ಹತ್ತಿತ್ತು. ಅದಾದ ಮೇಲೆ ಯಾರ್‍ಯಾರದೋ ಪ್ಲಗ್‌ಇನ್‌ಗಳು ನನ್ನ ಕಂಪ್ಯೂಟರಿಗೆ ಬಂದು ಹೋಗಿವೆ. ಮುಂದೆ ಹೇಳುವ ಕಥೆಗಳಲ್ಲಿ ಯಾವುದು ಯಾರದು ಅಂತ ಕೇಳಬೇಡಿ. ಎಲ್ಲರಿಗೂ ಸಂಸಾರ ಇರುತ್ತೆ.

ಮೊದಲನೆಯದು ಚರ್ಮ ನುಣುಪು ಮಾಡುವ ಪ್ಲಗ್‌ಇನ್. ಮದುವೆ ಆಲ್ಬಂ ಮಾಡುವ ಸ್ಟುಡಿಯೋದವರಿಗೆ ಇಂಥದ್ದು ಇಲ್ಲದಿದ್ದರೆ ಅಂಗಡಿ ಬಾಗಿಲು ತೆರೆಯೋದೇ ಕಷ್ಟ. ಇದು ಕೆಲಸ ಮಾಡುವ ರೀತಿ ಸರಳ. ಚಿತ್ರದಲ್ಲಿ ಚರ್ಮದ ಬಣ್ಣ ಎಲ್ಲೆಲ್ಲಿದೆ ಅಂತ ಹುಡುಕುತ್ತೆ, ಅಂದರೆ ಹಳದಿಗೂ ಕೆಂಪಿಗೂ ನಡುವೆ ಇರೋ ಬಣ್ಣಗಳು. ಅಲ್ಲಿ ಕಣ್ಣು, ತುಟಿ, ಮೂಗಿನ ಅಂಚುಗಳನ್ನು ಬಿಟ್ಟು ಉಳಿದ ಸಣ್ಣಸಣ್ಣ ಗೆರೆ, ಚುಕ್ಕೆ, ಒರಟುತನವನ್ನೆಲ್ಲ ಒರೆಸಿಹಾಕುತ್ತೆ. ಬಣ್ಣ ನೋಡುತ್ತೆ ಅಷ್ಟೇ, ಅದು ಯಾರದು ಅಂತ ಕೇಳಲ್ಲ.

ಈಗ ನಮ್ಮ ಕಡೆಯ ಅರಿಶಿನ ಶಾಸ್ತ್ರ ನೆನಪಿಸಿಕೊಳ್ಳಿ. ಮುಖ ಹಳದಿ, ಕೈ ಹಳದಿ, ಸೀರೆ ಹಳದಿ, ಜರಿ ಚಿನ್ನದ್ದು, ಹಿಂದಿನ ಬಾಗಿಲು ಹಲಸಿನ ಮರದ್ದು, ಗೋಡೆಗೆ ಬಿದ್ದ ಬೆಳಕೂ ಹಳದಿ. ಪ್ಲಗ್‌ಇನ್ ಪ್ರಕಾರ ಇಡೀ ಮನೆಯೇ ಚರ್ಮ. ಎಲ್ಲವನ್ನೂ ಪ್ರೀತಿಯಿಂದ ಸವರಿತು. ಜರಿಯ ನೇಯ್ಗೆ ಮಾಯ, ಮೈಸೂರು ಸಿಲ್ಕ್ ಹೋಗಿ ಪಾಲಿಯೆಸ್ಟರ್ ಆಯಿತು. ಬಾಗಿಲಿನ ಕೆತ್ತನೆ ಮಾಯ. ತಟ್ಟೆಯಲ್ಲಿದ್ದ ಮೈಸೂರು ಪಾಕಿಗೂ ಫೇಶಿಯಲ್ ಆಗಿತ್ತು. ಇಡೀ ಫೋಟೋದಲ್ಲಿ ಅದರಷ್ಟು ಒಳ್ಳೆಯ ತ್ವಚೆ ಇನ್ಯಾರಿಗೂ ಇರಲಿಲ್ಲ.

ಮದುಮಗಳಿಗೆ ಫೋಟೋ ಇಷ್ಟವಾಯಿತು. ಸಿಟ್ಟು ಬಂದಿದ್ದು ಚಿಕ್ಕಮ್ಮನಿಗೆ. ಆ ಮೈಸೂರು ಪಾಕ್ ಅವಳು ಮಾಡಿದ್ದು. ಮನೆಯಲ್ಲಿ ಮಾಡೋ ಮೈಸೂರು ಪಾಕಿನ ಹೆಚ್ಚುಗಾರಿಕೆಯೇ ಅದರ ಗೂಡುಗೂಡು. ಕುದಿಯುವ ತುಪ್ಪ ಸುರಿದಾಗ ಉಕ್ಕಿ, ನಡುವೆ ಕೆಂಪಗಾಗಿ, ಮೈತುಂಬ ತೂತು ಬಿದ್ದಿರಬೇಕು. ಬಾಯಿಗಿಟ್ಟರೆ ಕರಗೋ ನುಣ್ಣನೆಯ ಮೈಸೂರು ಪಾಕ್ ಅಂಗಡಿಯದ್ದು. ಫೋಟೋ ನೋಡಿದ ಬೀಗಿತ್ತಿ "ಸ್ವೀಟ್ ಹೊರಗಿಂದ ತರಿಸಿದ್ರಾ?" ಅಂತ ಕೇಳಿದರಂತೆ. ಇಷ್ಟು ಸಾಕಾಯಿತು. ಚಿಕ್ಕಮ್ಮ ಫೋನ್ ಮಾಡಿ, "ನನ್ನ ಮುಖ ಹೆಂಗಾದ್ರೂ ಇರ್ಲಿ ಕಣೋ, ಆ ತೂತುಗಳು ವಾಪಸ್ ಬರಬೇಕು" ಅಂದಳು. ಪುಣ್ಯಕ್ಕೆ ಪ್ಲಗ್‌ಇನ್ ಹಾಕಿದ್ದು ನಕಲು ಲೇಯರ್ ಮೇಲೆ, ಅಂದರೆ ಫೋಟೋದ ಮೇಲೆ ಹೊದಿಸಿದ ಇನ್ನೊಂದು ಪದರದ ಮೇಲೆ, ಅಸಲು ಕೆಳಗೆ ಹಾಗೇ ಇತ್ತು. ಮಾಸ್ಕ್ ಹಾಕಿದರೆ ಕಪ್ಪು ಬಳಿದ ಕಡೆಯೆಲ್ಲ ಮೇಲಿನ ಪದರ ಮರೆಯಾಗಿ ಕೆಳಗಿನದು ಕಾಣುತ್ತೆ. ಹಾಗೆ ಕಪ್ಪು ಬ್ರಷ್ ಹಿಡಿದು, ಮೈಸೂರು ಪಾಕಿನ ಒಂದೊಂದೇ ತೂತನ್ನು ಹೊರಗೆ ತಂದೆ. ಮೊಡವೆ ತೆಗೆಯೋ ಹೊತ್ತು ಉಳಿಸೋಕೆ ಅಂತ ತಂದ ಪ್ಲಗ್‌ಇನ್, ಅಲ್ವಾ?

ಮಾವನ ನಿವೃತ್ತಿ ಫೋಟೋದ್ದು ಉಲ್ಟಾ ಕಥೆ. ಅಲ್ಲಿ ಬಳಸಿದ್ದು ವಿವರಗಳನ್ನು ಕೆದಕಿ ತೆಗೆಯೋ ಫಿಲ್ಟರ್. ಹಳೇ ಗುಡಿಯ ಕಲ್ಲಿನ ಗೋಡೆಗೆ ಅದು ಬಹಳ ಚೆನ್ನ. ಮಾವನ ಮುಖದಲ್ಲೂ ಅದೇ ಶ್ರದ್ಧೆಯಿಂದ ಕೆಲಸ ಮಾಡಿತು. ಆಫೀಸಿನವರು ಅದನ್ನೇ ದೊಡ್ಡದು ಮಾಡಿಸಿ ಫ್ರೇಮ್ ಹಾಕಿ ಕೊಟ್ಟಿದ್ದಾರೆ. ಅತ್ತೆ ಅದಕ್ಕೊಂದು ಹಾರ ಹಾಕೋದು ಬಾಕಿ. ಮಾವ ಅದನ್ನು ಬೀರುವಿನ ಹಿಂದೆ ಇಟ್ಟಿದ್ದಾರೆ.

ಇನ್ನು ಆಕಾಶ ಬದಲಾಯಿಸೋದು. 2020ರಲ್ಲಿ ಫೋಟೋಶಾಪ್‌ಗೇ ಈ ಸೌಕರ್ಯ ಬಂತು, ಅದಕ್ಕೂ ಮೊದಲೇ ಬೇರೆಯವರ ಹತ್ತಿರವೂ ಇತ್ತು. ಭಾವ ಜುಲೈ ತಿಂಗಳಲ್ಲಿ ಜೋಗಕ್ಕೆ ಹೋಗಿದ್ದರು. ಜುಲೈನಲ್ಲಿ ಜೋಗ ಹೇಗಿರುತ್ತೆ ಅಂತ ಗೊತ್ತಲ್ಲ. 253 ಮೀಟರ್ ಎತ್ತರದಿಂದ ನೀರು ಬೀಳುತ್ತಿರೋದು ಕಿವಿಗೆ ಕೇಳುತ್ತೆ, ಕಣ್ಣಿಗೆ ಕಾಣೋದು ಬರೀ ಮಂಜು. ಅದು ಸರಿದ ಅರೆಗಳಿಗೆಯಲ್ಲಿ ಹೊಡೆದ ಒಂದು ಫೋಟೋ ಕಳಿಸಿ, "ಆಕಾಶ ನೀಲಿ ಮಾಡು" ಅಂದರು. ಬಟನ್ ಒತ್ತಿದರೆ ಕ್ಷಣದಲ್ಲಿ ನೀಲಿ ಆಕಾಶ, ಹತ್ತಿಯಂಥ ಮೋಡ. ಭಾವ ಮಾತ್ರ ರೇನ್‌ಕೋಟಿನಲ್ಲೇ ಇದ್ದಾರೆ, ಮೂಗಿನ ತುದಿಯಿಂದ ಮಳೆನೀರು ತೊಟ್ಟಿಕ್ಕುತ್ತಿದೆ. ಇರಲಿ, ಅವರಿಗೆ ಅದು ಹಿಡಿಸಿತು. ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಸಾಗರದ ದೊಡ್ಡಪ್ಪ ತಕ್ಷಣ ಪ್ರಶ್ನೆ ಎತ್ತಿದರು: "ರಾಜಾ ಇದ್ದಾನೆ, ರೋರರ್ ಇದೆ, ರಾಕೆಟ್ ಇದೆ. ರಾಣಿ ಎಲ್ಲಿ?" ಬಿಳಿ ಮಂಜಿನಲ್ಲಿದ್ದ ಬಿಳಿ ನೀರನ್ನು ಪ್ಲಗ್‌ಇನ್ ಆಕಾಶ ಅಂತ ತಿಳಿದು, ರಾಣಿಯ ಜಾಗಕ್ಕೆ ಮೋಡ ತುಂಬಿತ್ತು. "ಕರೆಂಟಿಗೆ ಅಂತ ನೀರು ಬಿಟ್ಟಿಲ್ಲ ಅನ್ಸುತ್ತೆ" ಅಂತ ಭಾವ ಸಮಜಾಯಿಷಿ ಕೊಟ್ಟರು. ಮಳೆಗಾಲದಲ್ಲಿ! ದೊಡ್ಡಪ್ಪ ಇವತ್ತಿಗೂ ಅವರ ಯಾವ ಫೋಟೋವನ್ನೂ ನಂಬುವುದಿಲ್ಲ.

ಇದೆಲ್ಲ ನಗೆಯಲ್ಲೇ ಮುಗಿಯಿತು. ಅಜ್ಜಿಯ ಮದುವೆ ಫೋಟೋ ಮಾತ್ರ ಮನೆಯನ್ನೇ ಅಲ್ಲಾಡಿಸಿತು.

ಅರವತ್ತರ ದಶಕದ ಕಪ್ಪುಬಿಳುಪು ಫೋಟೋ. ಮೂಲೆಗೆ ಗೆದ್ದಲು, ನಡುವೆ ಮಡಿಕೆ, ಮೈತುಂಬ ಕಪ್ಪು ಚುಕ್ಕೆ. ಹಳೇ ಫೋಟೋ ದುರಸ್ತಿಗೆ ಅಂತಲೇ ಒಂದು ಪ್ಲಗ್‌ಇನ್ ಇತ್ತು, ಕೊಳೆ ಮತ್ತು ಗೀರುಗಳನ್ನು ತಾನೇ ಹುಡುಕಿ ತೆಗೆಯೋದು. ನಿಜವಾಗಿಯೂ ಅಚ್ಚುಕಟ್ಟಾಗಿ ತೆಗೆಯಿತು. ಮಡಿಕೆ ಹೋಯಿತು, ಗೆದ್ದಲು ತಿಂದಿದ್ದು ತುಂಬಿತು. ಅಜ್ಜಿಯ ಎಂಬತ್ತರ ಹುಟ್ಟುಹಬ್ಬಕ್ಕೆ ದೊಡ್ಡ ಪ್ರಿಂಟ್ ಹಾಕಿಸಿ ಎಲ್ಲರೆದುರು ತೆರೆದೆವು. ಚಪ್ಪಾಳೆ. ಆಮೇಲೆ ಚಪ್ಪಾಳೆ ನಿಂತಿತು. ಹಣೆಯಲ್ಲಿ ಕುಂಕುಮವೇ ಇಲ್ಲ!

ಹಳೇ ಕಾಲದ ಕೆಲವು ಫಿಲ್ಮುಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ, ಹಾಗಾಗಿ ಕೆಂಪೆಲ್ಲ ಕಪ್ಪಾಗಿ ಬೀಳುತ್ತಿತ್ತು. ಕಡುಗೆಂಪು ಕುಂಕುಮ ಯಾವ ಕಪ್ಪುಬಿಳುಪು ಫೋಟೋದಲ್ಲೂ ಕಪ್ಪಗೇ ಕಾಣೋದು ಜಾಸ್ತಿ. ಪ್ಲಗ್‌ಇನ್‌ಗೆ ಅದು ಇನ್ನೊಂದು ಚುಕ್ಕೆ. ಜತೆಗೆ ಮೂಗುಬಟ್ಟನ್ನೂ, ತಾತನ ಹಣೆಯ ವಿಭೂತಿಯ ಮೂರು ಗೀರುಗಳನ್ನೂ ಗುಡಿಸಿಹಾಕಿತ್ತು. ಇಷ್ಟೆಲ್ಲ ವಿವರಿಸೋಕೆ ನಾನು ಬಾಯಿ ತೆರೆದೆ, ಕೇಳೋಕೆ ಯಾರೂ ತಯಾರಿರಲಿಲ್ಲ. ದೊಡ್ಡತ್ತೆ ಆಗಲೇ "ಶಿವಶಿವ" ಅಂತ ಕಣ್ಣು ಮುಚ್ಚಿದ್ದಳು. ಒಬ್ಬರು ಶಾಂತಿ ಮಾಡಿಸಬೇಕು ಅಂದರು. ಮುಂದಿನ ಸಾಲಿನಲ್ಲಿ ಕೂತು ಜಾಮೂನು ತಿನ್ನುತ್ತಿದ್ದ ತಾತ ತಲೆ ಎತ್ತಿ, "ನಾನಿನ್ನೂ ಇಲ್ಲೇ ಇದ್ದೀನಲ್ರೋ!" ಅಂದರು.

ಮರುದಿನವೇ ಕುಂಕುಮ, ಮೂಗುಬಟ್ಟು, ವಿಭೂತಿ ಎಲ್ಲ ವಾಪಸ್ ಬಂದವು. ಅಜ್ಜಿ ಲ್ಯಾಪ್‌ಟಾಪ್ ಪಕ್ಕದಲ್ಲೇ ಕೂತು, ಹಣೆಯಲ್ಲಿ ಬೊಟ್ಟಿನ ಜಾಗ ಬೆರಳಿಟ್ಟು ತೋರಿಸಿದಳು. ಸ್ಕ್ರೀನಿನ ಮೇಲೆ ಈಗಲೂ ಗುರುತಿದೆ. ಬಣ್ಣ ಹಾಕೋ ಪ್ಲಗ್‌ಇನ್ ಕೂಡ ಇದೆ ಅಂದೆ. ಅದು ಬೂದು ಬಣ್ಣ ನೋಡಿ ಅಂದಾಜಿನ ಮೇಲೆ ಬಣ್ಣ ಹಾಕೋದು, ಸೀರೆ ಕಂದು ಬಂತು. ಹಸಿರು ಅಂದಳು ಅಜ್ಜಿ. ಕೆಂಪು ಅಂದರು ತಾತ. "ನಿಮಗೆ ಆವತ್ತು ತಲೆ ಎತ್ತಿ ನೋಡೋಕೆ ಧೈರ್ಯ ಎಲ್ಲಿತ್ತು?" ಅಂದಳು ಅಜ್ಜಿ. ತಾತ ಎದ್ದು ಜಗುಲಿಗೆ ಹೋದರು.

ಅವರು ಹೋದ ಮೇಲೆ ಅಜ್ಜಿ ದನಿ ತಗ್ಗಿಸಿದಳು. "ಬಣ್ಣ ಬೇಡ ಬಿಡು. ನನ್ನ ಹಿಂದೆ ನಿಂತಿದ್ದಾಳಲ್ಲ, ನನ್ನ ನಾದಿನಿ. ಅವಳ ಕೊರಳಲ್ಲಿರೋ ಸರ ನಂದು. ಮದುವೆ ದಿನ ಹಾಕ್ಕೋತೀನಿ ಅಂತ ಇಸ್ಕೊಂಡವಳು ವಾಪಸ್ ಕೊಡಲೇ ಇಲ್ಲ. ಅದನ್ನು ಅವಳಿಂದ ತೆಗೆದು ನನಗೆ ಹಾಕೋಕಾಗುತ್ತಾ?"

ಆಗುತ್ತೆ ಅಂದೆ. ಹತ್ತು ನಿಮಿಷದ ಕೆಲಸ, ಪ್ಲಗ್‌ಇನ್ ಕೂಡ ಬೇಡ. ಆದ್ರೆ ಆ ನಾದಿನಿಯ ಮೊಮ್ಮಗನಿಗೂ ಫೋಟೋಶಾಪ್ ಬರುತ್ತೆ, ಅವರ ಮನೆಯಲ್ಲೂ ಇದೇ ಫೋಟೋದ ಒಂದು ಪ್ರತಿ ಇದೆ.