ಹಿಡಿಯಿಲ್ಲದ ಬ್ರಷ್ಷು, ಹಿಡಿಯದ ಮೂಸು

ಇವತ್ತು ಬೆಳಿಗ್ಗೆ ಅರೆನಿದ್ದೆಯಲ್ಲಿ ಬಚ್ಚಲಿಗೆ ಹೋಗಿ ಹಲ್ಲುಜ್ಜುವ ಬ್ರಷ್ಷಿಗೆ ಕೈ ಹಾಕಿದೆ. ಬ್ರಷ್ಷಿಗೆ ಹಿಡಿಯೇ ಇರಲಿಲ್ಲ. ತಲೆ ಇತ್ತು, ಒಂದಿಷ್ಟು ಕುತ್ತಿಗೆ ಇತ್ತು, ಅದರ ಕೆಳಗೆ ಗರಗಸದಲ್ಲಿ ಕೊಯ್ದ ಗುರುತು. ಪಕ್ಕದಲ್ಲಿದ್ದ ಹೆಂಡತಿಯ ಬ್ರಷ್ಷಿಗೂ ಅದೇ ಗತಿ. ಕೊನೆಗೆ ಎರಡು ಬೆರಳಲ್ಲಿ ಚಿಟಿಕೆ ಉಪ್ಪು ಹಿಡಿದ ಹಾಗೆ ಹಿಡಿದುಕೊಂಡು ಉಜ್ಜಿದೆ. ಅರ್ಧ ಪೇಸ್ಟು ಮುಂಗೈಗೆ, ಉಳಿದರ್ಧ ಮೂಗಿಗೆ.

ಇದು ಭಾವನ ಕೆಲಸ. ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ನಾನು ಅವರನ್ನು ಭಾವ ಅನ್ನುತ್ತೇನೆ, ಅವರೂ ನನ್ನನ್ನು ಭಾವ ಅನ್ನುತ್ತಾರೆ. ನಾವು ಜಗಳಕ್ಕೆ ಬಿದ್ದರೆ ಯಾರು ಯಾರನ್ನು ಬೈಯುತ್ತಿದ್ದಾರೆ ಅಂತ ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಶನಿವಾರ ಬಂದವರು ನಿನ್ನೆ ರಾತ್ರಿ ಹೊರಟಿದ್ದರು. ಫೋನ್ ಮಾಡಿ ಕೇಳಿದೆ.

"ಹೌದು ಭಾವ, ಕೊಯ್ದೆ. ಒಂದು ಬ್ರಷ್ಷಿಗೆ ಎಂಟು ಗ್ರಾಂ ಉಳೀತು ನೋಡಿ."

"ಅವಳ ಬ್ರಷ್ ಯಾಕೆ? ಅವಳೇನು ನಮ್ಮ ಜೊತೆ ಬರ್ತಾಳಾ?"

"ನಿಮ್ಮದು ಯಾವುದು ಅಂತ ಗೊತ್ತಾಗ್ಲಿಲ್ಲ. ಅದಕ್ಕೇ ಸೇಫ್ಟಿಗೆ ಎರಡೂ ಕೊಯ್ದೆ."

ವಿಷಯ ಏನೆಂದರೆ, ಅಕ್ಟೋಬರಿನಲ್ಲಿ ನಾವು ಮೂಸ್ ಶಿಕಾರಿಗೆ ಹೊರಟಿದ್ದೇವೆ. ನಾವಿರುವುದು ಟೊರೊಂಟೊ ಪಕ್ಕದ ಮಿಸಿಸಾಗದಲ್ಲಿ. ಇಲ್ಲಿಂದ 900 ಕಿಲೋಮೀಟರಿಗೂ ಜಾಸ್ತಿ ಕಾರು ಓಡಿಸಿದರೆ ಉತ್ತರ ಒಂಟಾರಿಯೊದ ಹರ್ಸ್ಟ್ ಅನ್ನುವ ಪುಟ್ಟ ಊರು ಸಿಗುತ್ತದೆ. ಕೆನಡಾದ ಮೂಸ್ ರಾಜಧಾನಿ ನಾವೇ ಅಂತ ಹೇಳಿಕೊಳ್ಳುವ ಊರು. ಅಲ್ಲಿ ಹೆಚ್ಚಿನವರ ಮನೆಮಾತು ಫ್ರೆಂಚ್. ಅಲ್ಲಿಂದ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನದಲ್ಲಿ ಇನ್ನೂ ಉತ್ತರಕ್ಕೆ ಹಾರಿ, ಯಾವುದೋ ಕೆರೆಯ ದಂಡೆಯಲ್ಲಿರುವ ಮರದ ಮನೆಯಲ್ಲಿ ಏಳು ದಿನ ಇರಬೇಕು. ರಸ್ತೆ ಇಲ್ಲ, ಕರೆಂಟ್ ಇಲ್ಲ, ಫೋನ್ ಸಿಗ್ನಲ್ ಇಲ್ಲ. ಎಂಟನೇ ದಿನ ವಿಮಾನ ಮತ್ತೆ ಬರುತ್ತದೆ. ಮಂಜು ಮುಸುಕಿದ್ದರೆ ಬರುವುದಿಲ್ಲ.

ಮೂಸ್ ಗೊತ್ತಲ್ವಾ? ನಮ್ಮ ಕಡವೆಯ ದೊಡ್ಡಪ್ಪ ಅಂದುಕೊಳ್ಳಿ. ಜಿಂಕೆ ಜಾತಿಯಲ್ಲೇ ಎಲ್ಲಕ್ಕಿಂತ ದೊಡ್ಡದು. ಒಳ್ಳೆಯ ಗಂಡು ಮೂಸಿನ ಭುಜವೇ ನನ್ನ ತಲೆಗಿಂತ ಮೇಲೆ ಬರುತ್ತದೆ. ತೂಕ ಹೆಚ್ಚುಕಡಿಮೆ 500 ಕಿಲೋ. ಮೊರ ಎರಡು ಕಡೆ ಸಿಕ್ಕಿಸಿದ ಹಾಗೆ ಅಗಲವಾದ ಕೊಂಬು, ಗಂಟಲ ಕೆಳಗೆ ಜೋಲುವ ಚರ್ಮ, ಮೇಷ್ಟರಿಂದ ಬೈಸಿಕೊಂಡು ಬಂದವರ ಹಾಗೆ ಉದ್ದ ಮುಖ. ಅದನ್ನು ಹೊಡೆಯಲು ಲೈಸೆನ್ಸ್ ಸಾಲದು, ಸರ್ಕಾರದ ಟ್ಯಾಗೂ ಬೇಕು. ಯಾವ ವಲಯದಲ್ಲಿ, ಗಂಡೋ ಹೆಣ್ಣೋ ಮರಿಯೋ ಅಂತ ಆ ಟ್ಯಾಗಿನಲ್ಲೇ ಬರೆದಿರುತ್ತದೆ. ಏಪ್ರಿಲ್‌ನಲ್ಲಿ ಅರ್ಜಿ. ಸಿಗದಿದ್ದರೆ ಒಂದು ಪಾಯಿಂಟ್ ಕೊಟ್ಟು ಮುಂದಿನ ವರ್ಷ ಬನ್ನಿ ಅನ್ನುತ್ತಾರೆ. ಭಾವ ಹೀಗೇ ಐದು ವರ್ಷ ಪಾಯಿಂಟ್ ಕೂಡಿಟ್ಟರು. ಈ ಸಲ ಗಂಡು ಮೂಸಿನ ಟ್ಯಾಗ್ ಬಂತು. ಮಗಳಿಗೆ ಮೆಡಿಕಲ್ ಸೀಟ್ ಸಿಕ್ಕಾಗಲೂ ಅವರು ಅಷ್ಟು ಕುಣಿದಿರಲಿಲ್ಲ.

ಟ್ಯಾಗ್ ಒಂದು, ಹೋಗುವವರು ಮೂವರು. ಭಾವ, ನಾನು, ಭಾವನ ಆಫೀಸಿನ ಹಿರಿಯರೊಬ್ಬರು. ಆ ಹಿರಿಯರು ಇಲ್ಲಿಯವರೇ, ಎಷ್ಟೋ ವರ್ಷದಿಂದ ಹೋಗುತ್ತಿರುವವರು, ಮಾತು ಕಡಿಮೆ. ಜೂನ್‌ನಲ್ಲಿ ಅವರು ಆಡಿದ ಒಂದೇ ಒಂದು ಮಾತು ನನ್ನ ಸಂಸಾರಕ್ಕೆ ಕೊಳ್ಳಿಯಿಟ್ಟಿತು: "ವಿಮಾನದಲ್ಲಿ ಒಬ್ಬರಿಗೆ 45 ಕಿಲೋ ಲಗೇಜ್ ಅಷ್ಟೇ."

ವಿಮಾನದ ಹೆಸರು ಬೀವರ್. ತಯಾರಾದದ್ದು ನಮ್ಮ ಟೊರೊಂಟೊದಲ್ಲೇ, 1947ರಿಂದ 1967ರವರೆಗೆ. ಆಮೇಲೆ ನಿಲ್ಲಿಸಿಬಿಟ್ಟರು. ಅಂದರೆ ನಮ್ಮನ್ನು ಹೊತ್ತುಕೊಂಡು ಹೋಗುವ ವಿಮಾನ ನನಗಿಂತ ವಯಸ್ಸಿನಲ್ಲಿ ಹಿರಿಯದು. ಹಿರಿಯರ ಮೇಲೆ ಜಾಸ್ತಿ ಭಾರ ಹೇರಬಾರದು, ನಾನೂ ಒಪ್ಪುತ್ತೇನೆ. ಆದರೆ ಭಾವ ಒಪ್ಪಿದ ರೀತಿ ಬೇರೆ.

ಮೊದಲು ನಮ್ಮ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮಾಯವಾಯಿತು. ಹೆಂಡತಿ ಕೇಕ್ ಮಾಡಲು ತಂದಿದ್ದು. ಎರಡು ದಿನ ಹುಡುಕಿದ ಮೇಲೆ ಅದು ಭಾವನ ಗ್ಯಾರೇಜಿನಲ್ಲಿ ಸಿಕ್ಕಿತು, ಮೇಲೆ ಒಂದು ಜೊತೆ ಕಾಲುಚೀಲ ಕೂತಿತ್ತು. 92 ಗ್ರಾಂ. ಪಕ್ಕದಲ್ಲಿ ಲ್ಯಾಪ್‌ಟಾಪ್, ಅದರಲ್ಲಿ ಎಕ್ಸೆಲ್. ವಸ್ತು, ಯಾರದು, ಎಷ್ಟು ಗ್ರಾಂ, ಬೇಕೋ ಬೇಡವೋ. ಆ ಕೊನೆಯ ಕಾಲಂ ತುಂಬುವ ಅಧಿಕಾರ ಭಾವನಿಗೆ ಮಾತ್ರ. ನನ್ನ ಟವೆಲ್ "ಬೇಡ" ಆಯಿತು, ಕೈವಸ್ತ್ರ ಕೊಟ್ಟರು. ಎರಡನೇ ಪ್ಯಾಂಟಿಗೆ "ಯೋಚಿಸೋಣ". ಟಾರ್ಚಿಗೆ "ಬೇಕು", ಅದರ ಪೌಚಿಗೆ "ಬೇಡ". ನಾನು ಓದಲು ಇಟ್ಟುಕೊಂಡಿದ್ದ ಕಾದಂಬರಿಯನ್ನು ತೂಗಿ ನೋಡಿ, "ಭಾವ, ಓದಿ ಆಗಿರೋ ಪುಟ ಹರಿದು ಇಲ್ಲೇ ಬಿಟ್ಟು ಬನ್ನಿ" ಅಂದರು. ತಮಾಷೆ ಅಂದುಕೊಂಡೆ. ತಮಾಷೆಯಲ್ಲ.

ಇಷ್ಟೆಲ್ಲ ಗ್ರಾಂ ಲೆಕ್ಕದ ನಡುವೆ ಒಂದು ದಿನ ಅವರ ಚೀಲದ ತಳದಲ್ಲಿ ಗಟ್ಟಿಯಾಗಿ ಏನೋ ಕೈಗೆ ತಾಗಿತು. ತೆಗೆದು ನೋಡಿದರೆ ಕಡುಬು ಬೇಯಿಸುವ ಪಾತ್ರೆ! ಮೂಡಿಗೆರೆಯಿಂದ ಅತ್ತೆ ಬಂದಾಗ ತಂದುಕೊಟ್ಟ ದಪ್ಪ ಅಲ್ಯೂಮಿನಿಯಂ ಪಾತ್ರೆ, ಮುಚ್ಚಳ ಸಮೇತ. ತಕ್ಕಡಿಯ ಮೇಲೆ ಇಟ್ಟೆ. 2 ಕಿಲೋ 140 ಗ್ರಾಂ.

"ಭಾವ, ಇದೆಂಥದು?"

"ಮೂಸ್ ಸಾರಿಗೆ ಕಡುಬಿಲ್ಲದೆ ಹೆಂಗೆ ಮಾರಾಯ್ರೆ?"

"ಮತ್ತೆ ನನ್ನ ಟವೆಲ್?"

"ಟವೆಲ್ ತಿನ್ನೋಕಾಗ್ತದಾ?"

ಕಾಫಿ ಫಿಲ್ಟರ್ ಎಕ್ಸೆಲ್ಲಿನಲ್ಲೇ ಇಲ್ಲ. ಕೇಳಿದರೆ ಅದು ಲಗೇಜಿಗೆ ಬರುವುದಿಲ್ಲವಂತೆ, ಔಷಧಿಯ ಲೆಕ್ಕಕ್ಕೆ ಬರುತ್ತದಂತೆ. ಒಂದು ಕಿಲೋ ಕಾಫಿಪುಡಿಯೂ ಔಷಧಿ. ಚಿಕೋರಿ ಹಾಕಿದ್ದು ಬೇರೆ.

ಕಳೆದ ಭಾನುವಾರ ಇದರ ಪರಾಕಾಷ್ಠೆ. ಪೈಲಟ್ ನಮ್ಮನ್ನೂ ತೂಗುತ್ತಾನೆ ಅಂತ ಹಿರಿಯರು ಹೇಳಿದ್ದರಂತೆ. ಸರಿ, ಭಾವ ಗ್ಯಾರೇಜಿನಲ್ಲಿ ರಿಹರ್ಸಲ್ ಇಟ್ಟರು. ಬೂಟು, ಕಿತ್ತಳೆ ಬಣ್ಣದ ಜಾಕೆಟ್ಟು, ಕಿತ್ತಳೆ ಟೋಪಿ ಎಲ್ಲ ಹಾಕಿಕೊಂಡು ನಾನು ತೂಕದ ಮೆಷಿನ್ ಹತ್ತಬೇಕು. (ಶಿಕಾರಿಗೆ ಆ ಬಣ್ಣ ಕಡ್ಡಾಯ. ಮೂಸಿನ ಕಣ್ಣಿಗೆ ಅದು ಎದ್ದು ಕಾಣುವುದಿಲ್ಲ, ನಮ್ಮ ನಮ್ಮಲ್ಲೇ ಗುಂಡು ಹಾರದಿರಲಿ ಅಂತ ವ್ಯವಸ್ಥೆ.) ಆಗಸ್ಟ್ ತಿಂಗಳ ಸೆಕೆ. ನಾನು ಬೆವರುತ್ತಾ ಹತ್ತಿದೆ. ಭಾವ ಬಗ್ಗಿ ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು.

"ತೊಂಬತ್ತಾರೂವರೆ."

"ಬೂಟು ಸೇರಿ."

"ಬೂಟು ಎರಡು ಕಿಲೋ. ಮಿಕ್ಕಿದ್ದು ನೀವೇ."

ಆಮೇಲೆ ನನ್ನ ಕಣ್ಣೆದುರೇ ಎಕ್ಸೆಲ್ಲಿನಲ್ಲಿ ಒಂದು ಹೊಸ ಸಾಲು ಬಂತು. ವಸ್ತು: ಭಾವ. ತೂಕ: 94,500 ಗ್ರಾಂ. ಕೊನೆಯ ಕಾಲಂಗೆ ಬಂದಾಗ ಅವರ ಬೆರಳು ಸ್ವಲ್ಪ ಹೊತ್ತು ನಿಂತಿತು. ನಾನು ನೋಡುತ್ತಿದ್ದೆ. "ಯೋಚಿಸೋಣ" ಅಂತ ಬರೆದರು.

ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ನಮ್ಮ ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವಳು ಅಷ್ಟು ನಕ್ಕಿದ್ದು ನಾನು ನೋಡಿಲ್ಲ. ನಿನ್ನ ಬ್ರಷ್ಷೂ ಹೋಗುತ್ತೆ ತಡಿ ಅಂತ ಆಗ ನನಗಾದರೂ ಗೊತ್ತಿತ್ತಾ?

ಇನ್ನು ನನ್ನ ತಲೆ ಕೊರೆಯುತ್ತಿರುವ ಲೆಕ್ಕ ಕೇಳಿ. ಎಂಟು ಗ್ರಾಂ ಉಳಿಸಲು ಬ್ರಷ್ ಕೊಯ್ಯುತ್ತಿದ್ದೇವೆ. ಆದರೆ ನಾವು ಹೋಗುತ್ತಿರುವುದು ಏನು ತರಲು? ಒಂದು ಮೂಸ್ ಬಿತ್ತು ಅಂದರೆ ಮಾಂಸವೇ 200 ಕಿಲೋ ಆಗುತ್ತದೆ. ಒಂದೊಂದು ಹಿಂಗಾಲೇ 50 ಕಿಲೋ ದಾಟುವುದುಂಟು. ಅದನ್ನು ಕೊಯ್ದು, ಬಟ್ಟೆಯ ಚೀಲಕ್ಕೆ ತುಂಬಿ, ಜೌಗಿನಲ್ಲಿ ಮೊಣಕಾಲುದ್ದ ಹೂತುಕೊಂಡು ಬೆನ್ನ ಮೇಲೆ ಹೊತ್ತು ಕೆರೆಗೆ ತರಬೇಕು. ತಿನ್ನುವಂಥ ಮಾಂಸ ಕಾಡಲ್ಲಿ ಬಿಟ್ಟು ಬರುವುದು ಕಾನೂನಿಗೆ ವಿರುದ್ಧ. ತಡಮಾಡಿದರೆ ವಾಸನೆ ಹಿಡಿದು ಕರಡಿ ಬರುತ್ತದೆ. ವಿಮಾನ ಎರಡು ಮೂರು ಸಲ ಹಾರಬೇಕು, ಪ್ರತಿ ಸಲಕ್ಕೂ ಬೇರೆ ದುಡ್ಡು. 200 ಕಿಲೋವನ್ನು ಎಂಟು ಗ್ರಾಮಿನಿಂದ ಭಾಗಿಸಿದೆ. ಒಂದು ಮೂಸಿಗೆ 25,000 ಬ್ರಷ್ ಹಿಡಿ. ಇದನ್ನು ಭಾವನಿಗೆ ಹೇಳಿದರೆ, "ಅದು ಬರುವಾಗಿನ ತೂಕ ಭಾವ, ಇದು ಹೋಗುವಾಗಿನ ತೂಕ" ಅಂದರು. ಇದಕ್ಕೆ ಏನು ಉತ್ತರ ಕೊಡಬೇಕೋ ನನಗೆ ಇನ್ನೂ ಹೊಳೆದಿಲ್ಲ.

ಬಂದೂಕಿನ ಲೈಸೆನ್ಸಿನದು ಬೇರೆ ಕತೆ, ಬೇಗ ಹೇಳಿ ಮುಗಿಸುತ್ತೇನೆ. ಎರಡು ದಿನ ಪಾಠ, ಪರೀಕ್ಷೆ, ಆಮೇಲೆ ಅರ್ಜಿ. ಹೊಸಬರಾದರೆ ಕನಿಷ್ಠ 28 ದಿನ ಕಾಯಲೇಬೇಕು. ಅರ್ಜಿಯಲ್ಲಿ ಹೆಂಡತಿಯ ಸಹಿಗೂ ಜಾಗ ಇದೆ. ಅವಳು ಹಾಕದಿದ್ದರೆ ಇಲಾಖೆಯವರೇ ಅವಳಿಗೆ ವಿಷಯ ತಿಳಿಸುತ್ತಾರೆ. ನನ್ನವಳು ಪೆನ್ನು ಹಿಡಿದುಕೊಂಡು, "ಕುಕ್ಕರ್ ವಿಶಲ್ ಎಣಿಸಿ ಅಂದ್ರೆ ಮೂರಕ್ಕೆ ಐದು ಎಣಿಸ್ತೀರಿ, ನಿಮಗೆ ಬಂದೂಕಾ?" ಅಂದಳು. ತಕ್ಕಡಿ ವಾಪಸ್ ತರಿಸಿಕೊಡುತ್ತೇನೆ ಅಂತ ಮಾತು ಕೊಟ್ಟ ಮೇಲೆ ಸಹಿ ಬಿತ್ತು. ತಕ್ಕಡಿ ಇನ್ನೂ ಬಂದಿಲ್ಲ.

ಕೂಗುವ ಕಲೆ ಇನ್ನೊಂದು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿನಲ್ಲಿ ಗಂಡು ಮೂಸುಗಳಿಗೆ ಮದ. ಹೆಣ್ಣಿನ ಹಾಗೆ ಕೂಗಿದರೆ ಹುಡುಕಿಕೊಂಡು ಬರುತ್ತವೆ. ಭೂರ್ಜ ಮರದ ತೊಗಟೆ ಸುತ್ತಿ ಕಹಳೆ ಮಾಡಿ, ಅದರೊಳಗೆ ನರಳಿದ ಹಾಗೆ ಉದ್ದಕ್ಕೆ ರಾಗ ಎಳೆಯಬೇಕು. ಕಹಳೆ 210 ಗ್ರಾಂ ಆದ್ದರಿಂದ "ಬೇಡ" ಆಯಿತು. ಮೂಗು ಮುಚ್ಚಿಕೊಂಡು ಎರಡು ಅಂಗೈಯಲ್ಲೇ ಕೂಗುವುದು ಅಂತ ತೀರ್ಮಾನ. ಗ್ಯಾರೇಜಿನಲ್ಲಿ ನಾನು ಹತ್ತು ನಿಮಿಷ ಕೂಗಿದ್ದೇ ತಡ, ಪಕ್ಕದ ಮನೆಯ ಪಂಜಾಬಿ ಅಜ್ಜಿ ಓಮಕಾಳು, ಬಿಸಿನೀರು ಹಿಡಿದುಕೊಂಡು ಓಡಿ ಬಂದರು. ಹೊಟ್ಟೆನೋವು ಅಂದುಕೊಂಡಿದ್ದರು ಪಾಪ. ಹೌದಜ್ಜಿ ಅಂತ ಹೇಳಿ ಕುಡಿದೆ. ಅದೇ ಹೊತ್ತಿಗೆ ಭಾವ ಹಿಂದಿನಿಂದ ಡಬ್ಬಿಯಲ್ಲಿ ನೀರು ತುಂಬಿಕೊಂಡು ಬಕೆಟ್ಟಿಗೆ ಎತ್ತರದಿಂದ ಸುರಿಯುತ್ತಿದ್ದರು. ಹೆಣ್ಣು ಮೂಸ್ ಕೆರೆಯಲ್ಲಿ ನಿಂತು ಉಚ್ಚೆ ಹೊಯ್ಯುವ ಸದ್ದಂತೆ ಅದು. ಶಿಕಾರಿಯವರು ನಿಜವಾಗಿಯೂ ಹಾಗೆ ಮಾಡುತ್ತಾರೆ. ಅದನ್ನು ಅಜ್ಜಿಗೆ ವಿವರಿಸುವಷ್ಟು ಹಿಂದಿ ನನ್ನ ಹತ್ತಿರ ಇರಲಿಲ್ಲ.

ಊರಿಗೆ ಫೋನ್ ಮಾಡಿದಾಗ ಅಮ್ಮ ಎಲ್ಲ ಕೇಳಿಸಿಕೊಂಡು, "ಅಷ್ಟು ದೂರ ಯಾಕೆ ಹೋಗ್ತೀರ, ಅಂಗಡೀಲಿ ಸಿಗಲ್ವಾ ಅದು?" ಅಂದರು. ಕಾಡುಪ್ರಾಣಿ ಮಾಂಸ ಇಲ್ಲಿ ಮಾರುವ ಹಾಗಿಲ್ಲ ಅಂದೆ. "ಹಂಗಾರೆ ಕೋಳಿ ತಿನ್ನಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಜ್ಜ ಇದ್ದಿದ್ರೆ ಬಂದುಬಿಡ್ತಿದ್ರು" ಅಂತ ಸೇರಿಸಿದರು.

ಅಜ್ಜನ ಒಂಟಿನಳಿಗೆ ಕೋವಿ ನಡುಮನೆಯ ಗೋಡೆಗೆ ತೂಗುಹಾಕಿರುತ್ತಿತ್ತು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್. ಶಿಕಾರಿ ನಿಲ್ಲಿಸಿದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹುಟ್ಟಿದವನು ನಾನು. ಅಜ್ಜ ಶಿಕಾರಿ ಮಾಡಿದ್ದನ್ನು ಕೇಳಿದ್ದೇನೆ, ನೋಡಿಲ್ಲ. ನಾನು ನೋಡಿದ್ದು, ಏಲಕ್ಕಿ ಕಿತ್ತು ಹಾಕುವ ಮಂಗಗಳನ್ನು ಓಡಿಸಲು ಆಕಾಶಕ್ಕೆ ಒಂದು ಈಡು ಹಾರಿಸುತ್ತಿದ್ದುದು. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಹಳೆ ಪಂಚೆಯಲ್ಲಿ ಮಗುವಿನ ಹಾಗೆ ಸುತ್ತಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದರು. ಬರುವಾಗ ಕೈಯಲ್ಲಿ ಒಂದು ರಸೀದಿ. "ಸರ್ಕಾರ ಹೆದರ್ತದೆ ನನ್ನ ಕೋವಿಗೆ, ಮಂಗ ಹೆದರಲ್ಲ" ಅನ್ನುತ್ತಿದ್ದರು. ಗೋಡೆಯ ಮೇಲೆ ಕೋವಿಯ ಆಕಾರದಲ್ಲಿ ಬಿಳಿ ಜಾಗ ಉಳಿದಿರುತ್ತಿತ್ತು, ಎಣಿಕೆ ಮುಗಿಯುವವರೆಗೆ. ಅಷ್ಟು ದಿನ ಅಜ್ಜ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಅವರು ಕಾಡಿಗೆ ಹೋಗುವಾಗ ಒಯ್ಯುತ್ತಿದ್ದುದು ಎಲೆಅಡಿಕೆ ಚೀಲ, ಒಂದು ಬ್ಯಾಟರಿ, ಜೇಬಲ್ಲಿ ಎರಡು ತೋಟಾ ಅಷ್ಟೇ ಅಂತೆ. ಹಲ್ಲಿಗೆ ಅಲ್ಲೇ ಯಾವುದೋ ಕಡ್ಡಿ.

ಈಗ ಬ್ರಷ್ ತರಲು ಅಂಗಡಿಗೆ ಹೊರಟಿದ್ದೇನೆ. ಮೂರು ತರುತ್ತೇನೆ, ಒಂದನ್ನು ಬೂಟಿನೊಳಗೆ ಅಡಗಿಸಿಡಲು. ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಭಾವನ ಫೋನು.

"ಭಾವ, ನಿಮ್ಮ ಬೆಲ್ಟಿನ ಬಕ್ಕಲ್ಲೇ 90 ಗ್ರಾಂ ಇದೆ. ಲಾಡಿ ಕಟ್ಕೊಂಡು ಬರ್ತೀರಾ?"