ಕುದುರೆ ಕಂಬಳಿಯ ಪರಿಮಳ, 4.25 ಅಂಕ

ಪಾಪದ ಮನುಷ್ಯನೊಬ್ಬ ಬಂದು ಕೇಳುತ್ತಾನೆ: “ಕಹಿ ಜಾಸ್ತಿ ಬೇಡ, ತಲೆಗೆ ಬೇಗ ಹತ್ತಬಾರದು. ಅಂಥದ್ದೊಂದು ಬಿಯರ್ ಇದ್ರೆ ಹೇಳ್ತೀರಾ?”

ಉತ್ತರ ಎರಡೇ ಸಾಲಿನದು. ಜರ್ಮನ್ ಶೈಲಿಯ ಹೆಲ್ಲೆಸ್ ಎಂಬ ತಿಳಿಬಣ್ಣದ ಬಿಯರ್, ಇಲ್ಲವೇ ಗೋಧಿಯ ವೈಸ್‌ಬಿಯರ್. ಎರಡರಲ್ಲೂ ಆಲ್ಕೋಹಾಲು ಶೇ 5ರ ಆಸುಪಾಸು, ಕಹಿ ಅಷ್ಟಕ್ಕಷ್ಟೇ. ಕ್ಯಾನಿನ ತಳದಲ್ಲಿ ತುಂಬಿದ ತಾರೀಖು ನೋಡಿ ತಗೊಳ್ಳಿ, 5ರಿಂದ 7 ಡಿಗ್ರಿಗೆ ತಣ್ಣಗೆ ಮಾಡಿ ಕುಡಿಯಿರಿ. ಆಯಿತಲ್ಲ?

ಆಗಲಿಲ್ಲ. ಬಿಯರ್ ರಸಿಕರ ಸಭೆಯಲ್ಲಿ ಎರಡು ಸಾಲಿನ ಉತ್ತರ ಕೊಡುವವನಿಗೆ ಮರ್ಯಾದೆ ಇಲ್ಲ. ಮೊದಲನೆಯವರು ಶೇ 10ರ ಟ್ರಿಪಲ್ ಐಪಿಎ (ಇಂಡಿಯಾ ಪೇಲ್ ಏಲ್ ಎಂಬ ಕಹಿ ಬಿಯರಿನ ಗಟ್ಟಿ ಅವತಾರ) ಸೂಚಿಸುತ್ತಾರೆ, “ಕಹಿ ಗೊತ್ತೇ ಆಗಲ್ಲ” ಎಂಬ ಭರವಸೆಯೊಂದಿಗೆ. ಎರಡನೆಯವರದು ಮೂರು ವರ್ಷ ಮರದ ಪೀಪಾಯಿಯಲ್ಲಿ ಮಲಗೆದ್ದ ಹುಳಿ ಬಿಯರ್. ಮೂರನೆಯವರು ಹೇಳುವ ಬಿಯರ್ ತಯಾರಾಗುವುದು ನಿಂತೇ ಹೋಗಿದೆ, ಅದಕ್ಕೇ ಅದು ಶ್ರೇಷ್ಠ. ನಾಲ್ಕನೆಯವರು ಯಾವುದನ್ನೂ ಸೂಚಿಸುವುದಿಲ್ಲ. ಮೇಲಿನ ಮೂವರಿಗೂ ನಾಲಿಗೆ ಇಲ್ಲವೆಂದು ತೀರ್ಪು ಕೊಟ್ಟು ಹೋಗುತ್ತಾರೆ. ಅಷ್ಟರಲ್ಲಿ ಕೇಳಿದವನು ನೀರು ಕುಡಿದು ಮಲಗಿರುತ್ತಾನೆ.

ಈ ಸಭೆಯ ಕುಲದೇವರ ಹೆಸರು ಐಬಿಯು, ಅಂದರೆ ಕಹಿಯ ಅಳತೆ. ಒಂದು ಲೀಟರ್ ಬಿಯರಿನಲ್ಲಿ ಒಂದು ಮಿಲಿಗ್ರಾಂ ಐಸೊ-ಆಲ್ಫಾ ಆಮ್ಲ ಕರಗಿದ್ದರೆ ಹೆಚ್ಚುಕಡಿಮೆ ಒಂದು ಐಬಿಯು. ಹಾಪ್ಸ್ ಹೂವಿನ ಆಲ್ಫಾ ಆಮ್ಲ ಕುದಿಯುವಾಗ ರೂಪ ಬದಲಿಸಿ ಕಹಿಯಾಗುತ್ತದೆ, ಅಷ್ಟೇ ಸಂಗತಿ. ಹಗುರ ಲಾಗರ್ 10ರ ಹತ್ತಿರ, ಪಿಲ್ಸ್ನರ್ 25ರಿಂದ 40, ಐಪಿಎ 40ರಿಂದ 70. ಇಷ್ಟಕ್ಕೇ ನಿಂತಿದ್ದರೆ ಅದೊಂದು ಉಪಯುಕ್ತ ಅಳತೆಗೋಲು. ಆದರೆ ಲೇಬಲ್ಲಿನ ಮೇಲೆ 150 ಬಂತು, 200 ಬಂತು, ಸಾವಿರವೂ ಬಂತು. ನೂರರ ಆಚೆಗೆ ಆ ಆಮ್ಲ ಬಿಯರಿನಲ್ಲಿ ಕರಗಲು ಒಪ್ಪುವುದಿಲ್ಲ, ನಾಲಿಗೆಯೂ ಲೆಕ್ಕ ಇಡುವುದನ್ನು ಬಿಡುತ್ತದೆ. ಆ ಸಾವಿರ ಹುಟ್ಟಿದ್ದು ಕ್ಯಾಲ್ಕುಲೇಟರಿನಲ್ಲಿ, ಬಾಯಲ್ಲಲ್ಲ. ಅದೂ ಅಲ್ಲದೆ ಕಹಿ ಒಂಟಿಯಾಗಿ ಬರುವುದಿಲ್ಲ, ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಿಹಿಯನ್ನು ಜೊತೆಗಿಟ್ಟುಕೊಂಡೇ ಬರುತ್ತದೆ. 60 ಐಬಿಯುವಿನ ಕಪ್ಪು, ಗಟ್ಟಿ ಇಂಪೀರಿಯಲ್ ಸ್ಟೌಟ್ ಬಾಯಿಗೆ ಮೆತ್ತಗೆ ಬಂದು, 40ರ ಒಣ, ಅಂದರೆ ಸಿಹಿಯಿಲ್ಲದ, ಪಿಲ್ಸ್ನರ್ ಚುರುಕ್ಕೆನ್ನುವುದು ಈ ಕಾರಣಕ್ಕೆ. ಇದನ್ನು ಸಭೆಯಲ್ಲಿ ಹೇಳಿ ನೋಡಿ. “ನಿಮ್ಮ ನಾಲಿಗೆ ಇನ್ನೂ ಪಳಗಿಲ್ಲ” ಎಂದು ಒಬ್ಬರು ಹೇಳುತ್ತಾರೆ, ಪಕ್ಕದವರು ತಲೆಯಾಡಿಸುತ್ತಾರೆ. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಎಂಬ ಗಾದೆ ಕಟ್ಟಿದವರು ಐಪಿಎ ಕುಡಿದಿರಲಾರರು, ಆದರೂ ಎಷ್ಟು ಕರಾರುವಾಕ್ಕು!

ಐಪಿಎ ಎಂದಮೇಲೆ ಕಥೆ ಬೇಕೇ ಬೇಕು. ಇಂಡಿಯಾಕ್ಕೆ ಹೊರಟ ಹಡಗಿನಲ್ಲಿ ಬಿಯರ್ ಕೆಡದಿರಲೆಂದು ಹಾಪ್ಸನ್ನೂ ಆಲ್ಕೋಹಾಲನ್ನೂ ದುಪ್ಪಟ್ಟು ಹಾಕಿ ಹೊಸ ಬಿಯರನ್ನೇ ಕಂಡುಹಿಡಿದರಂತೆ. ಹಾಪ್ಸ್ ಜಾಸ್ತಿ ಇದ್ದದ್ದು ನಿಜ. ಆದರೆ ಆ ಕಾಲದ ಇಂಗ್ಲೆಂಡಿನ ಲೆಕ್ಕದಲ್ಲಿ ಅದು ಗಟ್ಟಿ ಬಿಯರೇ ಅಲ್ಲ. ಅದೇ ಹಡಗುಗಳಲ್ಲಿ ಕಪ್ಪು ಪೋರ್ಟರ್ ಕೂಡ ಪೀಪಾಯಿಗಟ್ಟಲೆ ಬಂದು, ಕೆಡದೆ ಇಳಿದು, ಬ್ರಿಟಿಷ್ ಸಿಪಾಯಿಗಳ ಹೊಟ್ಟೆ ಸೇರಿತು. ಪೋರ್ಟರಿಗೆ ಕಥೆ ಕಟ್ಟುವವರು ಸಿಗಲಿಲ್ಲ, ಅದರ ಹಣೆಬರಹ. ಐಪಿಎಗೆ ಹೆಸರಾದ ಇಂಗ್ಲೆಂಡಿನ ಬರ್ಟನ್ ಆನ್ ಟ್ರೆಂಟ್ ಎಂಬ ಊರಿನ ಬಾವಿ ನೀರಿನಲ್ಲಿ ಜಿಪ್ಸಮ್ ಹೇರಳವಾಗಿದ್ದು, ಹಾಪ್ಸಿನ ಕಹಿಯನ್ನು ಅದು ಒಣದಾಗಿ, ಚೊಕ್ಕವಾಗಿ ಎತ್ತಿ ತೋರಿಸಿತು ಎಂಬುದೇ ಇಲ್ಲಿ ತಿಳಿಯಬೇಕಾದ ವಿಷಯ. ಆದರೆ ನೀರಿನ ಮಾತಿಗೆ ಸಭೆಯಲ್ಲಿ ಚಪ್ಪಾಳೆ ಬೀಳುವುದಿಲ್ಲ.

ಹೆಸರುಗಳ ಮಾತೇ ಬೇರೆ. ಬಿಯರನ್ನು ಶೈಲಿಗಳಾಗಿ ವಿಂಗಡಿಸಿ ಜನರ ಬಾಯಲ್ಲಿ ನಿಲ್ಲಿಸಿದ್ದು 1977ರಲ್ಲಿ ಪುಸ್ತಕ ಬರೆದ ಇಂಗ್ಲೆಂಡಿನ ಮೈಕೆಲ್ ಜಾಕ್ಸನ್ (ಕುಣಿದವನಲ್ಲ, ಕುಡಿದವನು). ಒಳ್ಳೆಯ ಕೆಲಸವೇ. ಆತ ಬಾಗಿಲು ತೆರೆದ, ಹಿಂದಿನಿಂದ ಸಂತೆ ನುಗ್ಗಿತು. ಬಿಯರ್ ಸ್ಪರ್ಧೆಯ ತೀರ್ಪುಗಾರರು ಬಳಸುವ 2021ರ ಪಟ್ಟಿಯಲ್ಲಿ ಬಿಯರಿಗೆ 34 ವರ್ಗಗಳಿವೆ, ಒಳಗೆ ಉಪವರ್ಗಗಳು ಬೇರೆ. ಐಪಿಎಯಲ್ಲಿ ‘ಪಿ’ ಎಂದರೆ ಪೇಲ್, ಅಂದರೆ ತಿಳಿಬಣ್ಣ. ಈಗ ಬ್ಲ್ಯಾಕ್ ಐಪಿಎ ಇದೆ. ಕಪ್ಪು ತಿಳಿಬಣ್ಣದ ಏಲ್! ಬ್ರೌನ್ ಇದೆ, ರೆಡ್ ಇದೆ, ವೈಟ್ ಇದೆ. ಬಣ್ಣದಂಗಡಿಯಲ್ಲೂ ಇಷ್ಟು ಗೊಂದಲ ಇರಲಾರದು. ಕಪ್ಪು ಕಂಡ ಕೂಡಲೇ “ಅಯ್ಯೋ, ಸ್ಟ್ರಾಂಗ್” ಎನ್ನುವವರಿಗೂ ಇದೇ ಸಭೆಯಲ್ಲಿ ಜಾಗವಿದೆ. ಬಣ್ಣ ಬರುವುದು ಹುರಿದ ಬಾರ್ಲಿಯಿಂದ, ಆಲ್ಕೋಹಾಲು ಬರುವುದು ಸಕ್ಕರೆಯಿಂದ. ಐರ್ಲೆಂಡಿನ ಕಪ್ಪು ಡ್ರೈ ಸ್ಟೌಟಿನಲ್ಲಿ ಆಲ್ಕೋಹಾಲು ಶೇ 4ರ ಹತ್ತಿರ, ಬೆಲ್ಜಿಯಂನ ಬಂಗಾರದ ಬಣ್ಣದ ಟ್ರಿಪೆಲ್‌ನಲ್ಲಿ 8, 9. ಬಣ್ಣ ನೋಡಿ ಮೋಸ ಹೋದವನು ಎರಡನೆಯದನ್ನು “ಇದು ಹಗುರ” ಎಂದು ಗಟಗಟ ಕುಡಿದು ಕುರ್ಚಿಯ ಕೈ ಹುಡುಕುತ್ತಾನೆ.

ಕಹಿಯ ಜ್ವರ ಇಳಿದಮೇಲೆ ಮಬ್ಬಿನ ಜ್ವರ ಬಂತು. ಹಿಂದೆ ಬಿಯರ್ ಕಲಕಲಾಗಿದ್ದರೆ ವಾಪಸ್ ಕಳಿಸುತ್ತಿದ್ದರು, ಈಗ ತಿಳಿಯಾಗಿದ್ದರೆ ಅನುಮಾನ. ನ್ಯೂ ಇಂಗ್ಲೆಂಡ್ ಐಪಿಎಗೆ ಓಟ್ಸ್, ಗೋಧಿ ಹಾಕಿ, ಹುದುಗುವ ಹೊತ್ತಿಗೆ ಅಥವಾ ಹುದುಗಿದ ಮೇಲೆ ಲೀಟರಿಗೆ 15, 20 ಗ್ರಾಂ ಹಾಪ್ಸ್ ಸುರಿಯುತ್ತಾರೆ. ಧಾನ್ಯದ ಪ್ರೋಟೀನು, ಹಾಪ್ಸಿನ ಪಾಲಿಫಿನಾಲು ಕೈಹಿಡಿದು ತೇಲುತ್ತವೆ, ಅದೇ ಮಬ್ಬು. ಚೆನ್ನಾಗಿ ಮಾಡಿದರೆ ಮಾವು, ಕಿತ್ತಳೆಯ ಘಮ. ಅವಸರದಲ್ಲಿ ಮಾಡಿದರೆ ಹಾಪ್ಸಿನ ಪುಡಿ ತಳಕ್ಕಿಳಿಯುವ ಮೊದಲೇ ಕ್ಯಾನು ಸೇರಿ, ನುಂಗುವಾಗ ಗಂಟಲು ಕೆರೆಯುತ್ತದೆ. ಒಂದೆರಡು ವಾರ ತಣ್ಣಗೆ ಬಿಟ್ಟಿದ್ದರೆ ಇಳಿದುಹೋಗುವ ಕೆರೆತ ಅದು. ರಸಿಕರು ಇದನ್ನು “ತಾಜಾತನದ ಕಚಗುಳಿ” ಎನ್ನುತ್ತಾರೆ. ತಮಾಷೆ ಏನೆಂದರೆ, ಆಮ್ಲಜನಕಕ್ಕೆ ಬೇಗ ಬಲಿಯಾಗುವುದೂ ಇದೇ ಬಿಯರು. ಒಂದೂವರೆ ತಿಂಗಳಲ್ಲಿ ಘಮ ಸಪ್ಪೆಯಾಗುತ್ತದೆ, ಬಣ್ಣ ಕಂದುತ್ತದೆ. ಇದನ್ನು ನಮ್ಮ ರಸಿಕರು “ಒಳ್ಳೇ ದಿನಕ್ಕೆ ಇರಲಿ” ಅಂತ ಎಂಟು ತಿಂಗಳು ಫ್ರಿಜ್ಜಿನ ಮೂಲೆಯಲ್ಲಿ ಬಚ್ಚಿಟ್ಟು ಪೂಜಿಸುತ್ತಾರೆ. ವರ್ಷಗಟ್ಟಲೆ ಇಟ್ಟರೆ ಹದಕ್ಕೆ ಬರುವ ಬಾರ್ಲಿವೈನನ್ನು (ಹೆಸರಲ್ಲಷ್ಟೇ ವೈನು, ಅದೊಂದು ಗಟ್ಟಿ ಬಿಯರ್) ತಂದ ದಿನವೇ ಬಿಚ್ಚಿ, “ಇನ್ನೂ ಒರಟು” ಎಂದು ಅಂಕ ಕಡಿಯುತ್ತಾರೆ.

ಅಂಕ ಎಂದರೆ ಐದಕ್ಕೆ ಇಷ್ಟು ಅಂತ, ಕಾಲು ಕಾಲು ಏರಿಕೆಯಲ್ಲಿ. ಪಕ್ಕದಲ್ಲೊಂದು ವರ್ಣನೆಯೂ ಬೇಕು. ಇಲ್ಲಿಗೆ ಬರುವುದು ಕುದುರೆ ಕಂಬಳಿ. ಬ್ರಸೆಲ್ಸ್ ಸುತ್ತಲಿನ ಸೆನ್ನೆ ಕಣಿವೆಯ ಲ್ಯಾಂಬಿಕ್ ಎಂಬ ಹುಳಿ ಬಿಯರಿಗೆ ಯೀಸ್ಟ್ ಹಾಕುವುದಿಲ್ಲ. ಬಿಸಿ ರಸವನ್ನು ಅಗಲ ತಟ್ಟೆಯಂಥ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ, ಗಾಳಿಯ ಕಾಡು ಯೀಸ್ಟು ಬಂದು ಕೂರುತ್ತದೆ. ಪೀಪಾಯಿಯಲ್ಲಿ ತಿಂಗಳುಗಳು ಕಳೆದಮೇಲೆ ಬ್ರೆಟನೊಮೈಸಿಸ್ ಎಂಬ ಯೀಸ್ಟಿನ ಕೆಲಸ ಶುರು, ಬೆವರಿದ ಕುದುರೆಯ ಬೆನ್ನಿನ ಕಂಬಳಿಯ ವಾಸನೆ ಅದರ ಸಹಿ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ ಬೆರೆಸಿದ ಗ್ಯೂಜ್ ನಿಜಕ್ಕೂ ಸೊಗಸಾದ ಬಿಯರ್. ಅದರ ಬಗ್ಗೆ ತಕರಾರಿಲ್ಲ. ಜನ್ಮದಲ್ಲಿ ಲಾಯದ ಕಡೆ ತಲೆ ಹಾಕಿರದವರು ಲೋಟಕ್ಕೆ ಮೂಗಿಟ್ಟು, ಕಣ್ಣು ಮುಚ್ಚಿ, “ಆಹಾ, ಕುದುರೆ ಕಂಬಳಿ… ಹಳೇದು” ಎನ್ನುತ್ತಾರಲ್ಲ, ತಕರಾರು ಅದರ ಬಗ್ಗೆ.

ಈ ಶಬ್ದಕೋಶದ ಕೃಪೆಯಿಂದ ಕೆಟ್ಟ ಬಿಯರೂ ಬದುಕಿಕೊಳ್ಳುತ್ತದೆ. ಲಾಗರಿನಲ್ಲಿ ಬೆಣ್ಣೆ ವಾಸನೆ ಬಂದರೆ ಅದು ಡಯಾಸಿಟೈಲ್. ಹುದುಗು ಮುಗಿಯುವಾಗ ಎರಡು ಮೂರು ದಿನ 16, 18 ಡಿಗ್ರಿಗೆ ಬಿಟ್ಟಿದ್ದರೆ ಯೀಸ್ಟೇ ಅದನ್ನು ತಿಂದು ತೇಗುತ್ತಿತ್ತು. ನಲ್ಲಿಯಿಂದ ಬಂದ ಬಿಯರಿನಲ್ಲಿ ಬೆಣ್ಣೆ, ಹುಳಿ ಎರಡೂ ಇದ್ದರೆ ಕೊಳವೆ ತೊಳೆದು ಬಹಳ ದಿನವಾಗಿದೆ ಎಂದರ್ಥ. ಎರಡು ವಾರಕ್ಕೊಮ್ಮೆ ತೊಳೆಯಬೇಕು. ಹಸಿ ಸೇಬಿನ ವಾಸನೆಯಾದರೆ ಬಲಿಯುವ ಮೊದಲೇ ತೆಗೆದಿದ್ದಾರೆ. ಬೇಯಿಸಿದ ಜೋಳದ ವಾಸನೆಯಾದರೆ ಮುಚ್ಚಳ ಮುಚ್ಚಿ ಕುದಿಸಿದ್ದಾರೆ, ಇಲ್ಲವೇ ನಿಧಾನ ಆರಿಸಿದ್ದಾರೆ. ಒದ್ದೆ ರಟ್ಟಿನ ವಾಸನೆಯಾದರೆ ಹಳತಾಗಿದೆ, ಚೆಲ್ಲಿ. ರಸಿಕರ ಭಾಷೆಯಲ್ಲಿ ಇವು ಕ್ರಮವಾಗಿ ‘ದುಂಡಗಿನ’, ‘ಹಳ್ಳಿಸೊಗಡಿನ’, ‘ಯೌವನದ’, ‘ಧಾನ್ಯಪ್ರಧಾನ’, ‘ಪ್ರೌಢ’.

ಒಂದು ಫೋಟೊ ಪ್ರಸಂಗ. ಪಾರದರ್ಶಕ ಗಾಜಿನ ಬಾಟಲಿ, ಕಿಟಕಿ ಪಕ್ಕದ ಮೇಜು, ಎಳೆಬಿಸಿಲು. ಲೇಬಲ್ ಕ್ಯಾಮೆರಾ ಕಡೆ ತಿರುಗಬೇಕು, ತಿರುಗಿತು. ಗಾಜಿನ ಮೇಲೆ ಹನಿ ಸಾಲದು, ನೀರು ಚಿಮುಕಿಸಿದರು. ನೆರಳು ಬಂತು, ಬಾಟಲಿ ಬಿಸಿಲಿಗೆ ಸರಿಯಿತು. ಇಪ್ಪತ್ತು ನಿಮಿಷ. ಈ ಹೊತ್ತಿನಲ್ಲಿ ಒಳಗೆ ನಡೆಯುವುದಿಷ್ಟು: ಬೆಳಕಿನ ನೀಲಿ ಭಾಗ ಬಿಯರಿನ ರೈಬೊಫ್ಲಾವಿನ್ನನ್ನು ಕೆರಳಿಸುತ್ತದೆ, ಅದು ಹಾಪ್ಸಿನ ಕಹಿ ಆಮ್ಲವನ್ನು ಮುರಿಯುತ್ತದೆ, ಮುರಿದ ತುಂಡು ಗಂಧಕದ ಜೊತೆ ಸೇರಿ ಸ್ಕಂಕ್ ಪ್ರಾಣಿ ಹೊಡೆಯುವ ದುರ್ನಾತದ ಹತ್ತಿರದ ಸಂಬಂಧಿಯಾಗುತ್ತದೆ. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಸಾಕು, ಮೂಗು ಹಿಡಿಯುತ್ತದೆ. ಕಂದು ಗಾಜು ಇದನ್ನು ಬಹುಪಾಲು ತಡೆಯುತ್ತದೆ, ಹಸಿರು ಗಾಜು ತಡೆದ ಹಾಗೆ ಮಾಡುತ್ತದೆ, ಬಿಳಿ ಗಾಜು ಅಷ್ಟೂ ಮಾಡುವುದಿಲ್ಲ. ಫೋಟೊ ಮುಗಿಸಿ ಒಂದು ಗುಟುಕು. “ಯುರೋಪಿಯನ್ ಗತ್ತು ಇದೆ ಇದರಲ್ಲಿ.” 4.25.

ಗ್ಲಾಸಿನ ಶ್ರದ್ಧೆಯೂ ಹೀಗೇ. ಟುಲಿಪ್, ಸ್ನಿಫ್ಟರ್, ವೈಜೆನ್, ಗಾಬ್ಲೆಟ್, ಹದಿನಾಲ್ಕು ಆಕಾರ ಕಪಾಟಿನಲ್ಲಿವೆ. ಒಂದಕ್ಕೂ ಎಣ್ಣೆಪಸೆ ಬಿಟ್ಟಿಲ್ಲ. ಬಿಯರ್ ಸುರಿದಾಗ ಗುಳ್ಳೆಗಳು ಒಳಗೋಡೆಗೆ ಅಂಟಿಕೊಂಡು ನಿಂತರೆ ಗ್ಲಾಸು ಕೊಳಕು. ಒದ್ದೆ ಗ್ಲಾಸಿನೊಳಗೆ ಉಪ್ಪು ಉದುರಿಸಿ, ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಜಿಡ್ಡಿದೆ. ಜಿಡ್ಡಿದ್ದರೆ ನೊರೆ ನಿಲ್ಲದು, ನೊರೆ ನಿಲ್ಲದಿದ್ದರೆ ಘಮ ಹಿಡಿದಿಡುವವರಿಲ್ಲ. ಬೇಕಾದ್ದು ಒಂದು ಶುಭ್ರ ಗ್ಲಾಸು. ಅದನ್ನು 45 ಡಿಗ್ರಿ ಓರೆ ಹಿಡಿದು ಅರ್ಧ ಸುರಿದು, ನೆಟ್ಟಗೆ ಮಾಡಿ ಉಳಿದದ್ದನ್ನು ಮಧ್ಯಕ್ಕೆ ಸುರಿಯಿರಿ, ಎರಡು ಬೆರಳು ನೊರೆ. ಫ್ರೀಜರಿನಲ್ಲಿಟ್ಟ ಮಗ್ಗು ಬೇಡ: ಗೋಡೆಯ ಹಿಮ ನೊರೆಯನ್ನು ಉಕ್ಕಿಸುತ್ತದೆ, ಕರಗಿ ಬಿಯರಿಗೆ ನೀರು ಬೆರೆಸುತ್ತದೆ, ನಾಲಿಗೆ ಮರಗಟ್ಟಿಸುತ್ತದೆ. 10, 12 ಡಿಗ್ರಿಯಲ್ಲಿ ಕಾಫಿ, ಚಾಕೊಲೇಟು ಎಂದು ಮಾತಾಡುವ ಸ್ಟೌಟು ಸೊನ್ನೆ ಡಿಗ್ರಿಯಲ್ಲಿ ಮೂಕ.

ಇನ್ನು “ನಾವು ಕುಡಿಯಲ್ಲ, ಟೇಸ್ಟ್ ಮಾಡ್ತೀವಿ” ಎಂಬ ವಾದ. ಪುಟ್ಟ ಪುಟ್ಟ 60 ಮಿಲಿ ಲೋಟ, ಹನ್ನೆರಡು. ಒಟ್ಟು 720 ಮಿಲಿ. ಎಲ್ಲವೂ ಶೇ 9ರ ಘಟಾನುಘಟಿಗಳಾದ್ದರಿಂದ ಶುದ್ಧ ಆಲ್ಕೋಹಾಲು ಹತ್ತಿರ ಹತ್ತಿರ 65 ಮಿಲಿ. ಶೇ 5ರ ಅರ್ಧ ಲೀಟರಿನಲ್ಲಿ ಇರುವುದು 25. ಅಂದರೆ ‘ಟೇಸ್ಟ್’ ಮಾಡಿದವರ ಹೊಟ್ಟೆಯಲ್ಲಿ ಅಂಥ ಅರ್ಧ ಲೀಟರಿನ ಎರಡೂವರೆ ಬಾಟಲಿ ಕೂತಿದೆ. ಯಕೃತ್ತು ಗಂಟೆಗೆ ಸುಮಾರು 10 ಮಿಲಿ ಕರಗಿಸುತ್ತದೆ, ಕಾಫಿ ಕುಡಿದರೂ ತಣ್ಣೀರು ಸುರಿದುಕೊಂಡರೂ ಅದರ ನಡಿಗೆ ಅದರದೇ. ಗಾಡಿ ಕೀಲಿ ಬೇರೆಯವರ ಕೈಗೆ ಕೊಡಿ. ಒಂಬತ್ತನೆಯ ಲೋಟದ ನಂತರ ಅಂಕಗಳು ತಾವಾಗಿ ಏರತೊಡಗುವುದನ್ನೂ ಗಮನಿಸಿ.

ಪಳಗಿದ ನಾಲಿಗೆಯನ್ನು ಪರೀಕ್ಷಿಸಲು ಬಿಯರ್ ಕಾರ್ಖಾನೆಗಳಲ್ಲಿ ಹಳೆಯ ಉಪಾಯವೊಂದಿದೆ. ಬಣ್ಣ ಕಾಣದ ಮೂರು ಲೋಟ; ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದೆಂದು ಹೇಳಬೇಕು, ಅಷ್ಟೇ. ಕುರುಡು ಅದೃಷ್ಟಕ್ಕೂ ಮೂರರಲ್ಲಿ ಒಂದು ಸರಿಯಾಗುವುದರಿಂದ, ಹನ್ನೆರಡು ಸಲ ಮಾಡಿದರೆ ಕನಿಷ್ಠ ಎಂಟು ಸಲ ಸರಿ ಹೇಳಿದವರನ್ನು ಮಾತ್ರ ನಂಬಬಹುದು. ಲೋಟಗಳನ್ನು ಜೋಡಿಸಿಟ್ಟು ಸಭೆಯನ್ನು ಕರೆದು ನೋಡಿ. ಒಬ್ಬರಿಗೆ ನೆಗಡಿ, ಒಬ್ಬರು ಈಗಷ್ಟೇ ಹಲ್ಲುಜ್ಜಿದ್ದಾರೆ. ಮೂರನೆಯವರಿಗೆ ಲೋಟದ ಆಕಾರ ಸರಿಯಿಲ್ಲ. ನಾಲ್ಕನೆಯವರು ಮೂರೂ ಒಂದೇ ಎಂದು ವಾದಿಸಿ, ಮೂರಕ್ಕೂ ಬೇರೆ ಬೇರೆ ಅಂಕ ಕೊಡುತ್ತಾರೆ.

ಅಷ್ಟರಲ್ಲಿ ಮೊದಲಿನ ಪಾಪದವನು ನಿದ್ದೆ ಮುಗಿಸಿ ಮತ್ತೆ ಬರುತ್ತಾನೆ.

“ಗುರುಗಳೇ, ಕೊನೆಗೆ ಯಾವುದು ತಗೊಳ್ಳಲಿ?”

“ಹೇಳ್ತೀನಿ ಇರಪ್ಪ. ಮೊದಲು ನಿನ್ನ ಹತ್ರ ಟುಲಿಪ್ ಗ್ಲಾಸ್ ಇದೆಯಾ?”